ಕ್ಯಾಲಿಫೋರ್ನಿಯಾದಲ್ಲಿದ್ದುಕೊಂಡು ಡೆಲವೇರ್ ಎಲ್‌ಎಲ್‌ಸಿ: ತೆರಿಗೆ ನಿಜವಾಗಿ ಉಳಿಯುತ್ತಾ?

ಪ್ರಶ್ನೆ (ಸ್ಯಾನ್ ಹೋಸೆ): ಒಬ್ಬನೇ ನಡೆಸೋ ಸಾಫ್ಟ್‌ವೇರ್ ಕನ್ಸಲ್ಟಿಂಗ್, ವರ್ಷಕ್ಕೆ ಸುಮಾರು 3 ಲಕ್ಷ ಡಾಲರ್ ಬಿಲ್ಲಿಂಗ್. ಡೆಲವೇರ್ ಇಲ್ಲವೇ ವಯೋಮಿಂಗ್‌ನಲ್ಲಿ ಎಲ್‌ಎಲ್‌ಸಿ (ಮಾಲೀಕನ ಹೊಣೆ ಸೀಮಿತವಾಗಿರೋ ಕಂಪನಿ) ಮಾಡಿ ಅಂತ ಕೆಲವರು, ಟೆಕ್ಸಾಸ್‌ಗೇ ಹೋಗಿಬಿಡಿ ಅಂತ ಇನ್ನು ಕೆಲವರು. ಗೊತ್ತಿರೋರು ಲೆಕ್ಕ ಸಮೇತ ಹೇಳಿ.

ಉತ್ತರ 1: ಮನೆ ಸ್ಯಾನ್ ಹೋಸೆಯಲ್ಲೇ ಇರೋವರೆಗೂ ಡೆಲವೇರ್ ದಂಡದ ಖರ್ಚು ರೀ. ಕಂಪನಿ ಎಲ್ಲೇ ಹುಟ್ಟಲಿ, ಕೆಲಸ ನಡೆಯೋದು ಕ್ಯಾಲಿಫೋರ್ನಿಯಾದಲ್ಲಿ. ಹಾಗಾಗಿ ಇಲ್ಲೂ ಹೊರರಾಜ್ಯದ ಎಲ್‌ಎಲ್‌ಸಿ ಅಂತ ನೋಂದಾಯಿಸಲೇಬೇಕು. ವರ್ಷಕ್ಕೆ 800 ಡಾಲರ್ ಹೇಗೂ ಹೋಗುತ್ತೆ. ಅದರ ಮೇಲೆ ಇಲ್ಲಿನ ಒಟ್ಟು ಆದಾಯ 2.5 ಲಕ್ಷ ಮುಟ್ಟಿದರೆ 900, 5 ಲಕ್ಷಕ್ಕೆ 2,500, 10 ಲಕ್ಷಕ್ಕೆ 6,000. ನಿಮ್ಮದು 1,700 ಆಯ್ತು. ಡೆಲವೇರ್ ಸೇರಿಸಿದರೆ ಅಲ್ಲಿನ ವಾರ್ಷಿಕ ತೆರಿಗೆ 300, ಜೊತೆಗೆ ರಿಜಿಸ್ಟರ್ಡ್ ಏಜೆಂಟ್ (ಕಂಪನಿ ಪರವಾಗಿ ಅಲ್ಲಿ ಸರ್ಕಾರಿ, ಕೋರ್ಟ್ ಕಾಗದ ಪಡೆಯೋರು) ಫೀಸು. ವಯೋಮಿಂಗ್ ಕನಿಷ್ಠ 60, ಅಗ್ಗವೇ, ಆದರೆ ಈ 1,700 ತಪ್ಪಲ್ಲ.

ಜನ ಎಡವೋದು ಇಲ್ಲಿ: ಆ 900 ಲಾಭದ ಮೇಲಲ್ಲ, ಬಿಲ್ಲಿಂಗ್ ಮೇಲೆ. ನಷ್ಟವಾದರೂ ಕಟ್ಟಬೇಕು. 800ಕ್ಕೆ ಏಪ್ರಿಲ್ 15 (ಫಾರಂ 3522), 900ರ ಅಂದಾಜಿಗೆ ಜೂನ್ 15 (ಫಾರಂ 3536). ಕಮ್ಮಿ ಕಟ್ಟಿದರೆ ಬಾಕಿಯ ಮೇಲೆ 10% ದಂಡ. ಹಿಂದಿನ ವರ್ಷದ ಫೀಸಿನಷ್ಟು ಕಟ್ಟಿದ್ದರೆ ದಂಡ ಇಲ್ಲ.

ಉತ್ತರ 2: ಟೆಕ್ಸಾಸ್‌ನಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ, ನಿಜ. ಕಂಪನಿಗಳ ಮೇಲೆ ರಾಜ್ಯ ಹಾಕೋ ಫ್ರಾಂಚೈಸ್ ಟ್ಯಾಕ್ಸ್ ಇದೆ, ಆದರೆ 2024, 2025ರ ವರದಿಗಳಿಗೆ 24.7 ಲಕ್ಷ ಡಾಲರ್ ವಹಿವಾಟಿನವರೆಗೆ ಸೊನ್ನೆ ಇತ್ತು. ತೆರಿಗೆ ಇಲ್ಲ ಅಂತ ಸುಮ್ಮನೆ ಕೂರಬೇಡಿ, ಮೇ 15ರೊಳಗೆ ಪಬ್ಲಿಕ್ ಇನ್ಫರ್ಮೇಷನ್ ರಿಪೋರ್ಟ್ (ಕಂಪನಿ ಯಾರದು, ನಡೆಸೋರು ಯಾರು ಅನ್ನೋ ವಿವರ) ಹಾಕಲೇಬೇಕು. ಬಿಟ್ಟರೆ ವ್ಯವಹಾರ ಮಾಡೋ ಹಕ್ಕೇ ಹೋಗುತ್ತೆ.

ಎರಡು ಮಾತು ಯಾರೂ ಹೇಳಲ್ಲ. ಸಾಫ್ಟ್‌ವೇರನ್ನ ಚಂದಾ ಮೇಲೆ ಕೊಡ್ತೀರಾ? ಟೆಕ್ಸಾಸ್ ಅದನ್ನ ಡೇಟಾ ಪ್ರೊಸೆಸಿಂಗ್ ಅಂತ ಎಣಿಸಿ ಬಿಲ್ಲಿನ 80%ಗೆ ಸೇಲ್ಸ್ ಟ್ಯಾಕ್ಸ್ ಹಾಕುತ್ತೆ. ಸ್ಥಳೀಯದ್ದೂ ಸೇರಿ ದರ 8.25%ವರೆಗೆ. ಇನ್ನೊಂದು, ಗಿರಾಕಿಗಳು ಕ್ಯಾಲಿಫೋರ್ನಿಯಾದಲ್ಲೇ ಉಳಿದರೆ ಊರು ಬಿಟ್ಟರೂ ಅಲ್ಲಿನ ತೆರಿಗೆ ಬಿಡಲ್ಲ. ಒಬ್ಬರೇ ನಡೆಸೋ ಸೇವೆಯ ಆದಾಯ ಎಲ್ಲಿಯದು ಅಂತ ಕ್ಯಾಲಿಫೋರ್ನಿಯಾದವರು ನೋಡೋದು ಗಿರಾಕಿಗೆ ಪ್ರಯೋಜನ ಸಿಕ್ಕ ಜಾಗದಿಂದ. ಅರಿಜೋನಾದಲ್ಲಿ ಕೂತು ಚಿತ್ರಕಥೆ ಬರೆದವರೊಬ್ಬರಿಗೂ 2019ರಲ್ಲಿ ಇದೇ ತೀರ್ಪಾಯ್ತು. ಆಗ ಹೊರಗಿನವರು ಕ್ಯಾಲಿಫೋರ್ನಿಯಾಗೆ ಸಲ್ಲಿಸೋ ತೆರಿಗೆ ಫಾರಂ 540ಎನ್‌ಆರ್ ತುಂಬಬೇಕು.

ಉತ್ತರ 3: ಎಲ್‌ಎಲ್‌ಸಿ ಬದಲು ಡೆಲವೇರ್ ಕಾರ್ಪೊರೇಷನ್ ಮಾಡಿ 1 ಕೋಟಿ ಷೇರು ಇಟ್ಟವರಿಗೆ 85,165 ಡಾಲರ್ ಫ್ರಾಂಚೈಸ್ ಟ್ಯಾಕ್ಸ್ ನೋಟಿಸ್ ಬಂದು ಎದೆ ಧಸಕ್ ಅನ್ನುತ್ತೆ. ಅದು ಷೇರಿನ ಎಣಿಕೆ ಮೇಲಿನ ಲೆಕ್ಕ. ಅಸ್ಯೂಮ್ಡ್ ಪಾರ್ ವ್ಯಾಲ್ಯೂ ವಿಧಾನದಲ್ಲಿ, ಹಂಚಿದ ಷೇರು ಮತ್ತು ಒಟ್ಟು ಆಸ್ತಿ ಹಾಕಿ ಮತ್ತೆ ಲೆಕ್ಕ ಮಾಡಿ; ಸಣ್ಣ ಕಂಪನಿಗೆ ಸಾಮಾನ್ಯವಾಗಿ ಕನಿಷ್ಠ 400ಕ್ಕೆ ಇಳಿಯುತ್ತೆ, ಮೇಲೆ ವರದಿಗೆ 50. ಗಡುವು ಮಾರ್ಚ್ 1.

ವಾಷಿಂಗ್ಟನ್ ಬಗ್ಗೆ ಯೋಚನೆ ಬಂದರೆ ಅಲ್ಲಿನ ಬಿ ಅಂಡ್ ಓ (ಬಿಸಿನೆಸ್ ಅಂಡ್ ಆಕ್ಯುಪೇಷನ್) ಟ್ಯಾಕ್ಸ್ ನೋಡ್ಕೊಳ್ಳಿ. ಅದೂ ವಹಿವಾಟಿನ ಮೇಲೇ. ಸಬ್‌ಕಾಂಟ್ರಾಕ್ಟರ್‌ಗೆ ಕೊಟ್ಟ ದುಡ್ಡನ್ನೂ ಕಳೆಯೋಕೆ ಬಿಡಲ್ಲ.

ಪ್ರಶ್ನೆ ಕೇಳಿದವರು: ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಇಲ್ಲಿನ ಬೇ ಏರಿಯಾದವರೇ. ಹಾಗಾದ್ರೆ ಇಲ್ಲೇ ಕ್ಯಾಲಿಫೋರ್ನಿಯಾ ಎಲ್‌ಎಲ್‌ಸಿ ಮಾಡ್ತೀನಿ, ಡೆಲವೇರ್ ಕೈಬಿಟ್ಟೆ.