ಟಂಕಸಾಲೆಯ ದೋಷವೋ, ಬರೀ ಸವಕಳಿಯೋ: ಗಲ್ಲಾದಲ್ಲಿ ಸಿಕ್ಕ ಐದು ನಾಣ್ಯಗಳ ಬಗ್ಗೆ

ಪ್ರಶ್ನೆ: ಗಂಗಾವತಿ ಕಿರಾಣಿ

ಹಿರಿಯ ಸಂಗ್ರಾಹಕರೆಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ. ರಾತ್ರಿ ಗಲ್ಲಾದ ಚಿಲ್ಲರೆ ಎಣಿಸುವಾಗ ಬೇರೆಯವುಗಳಿಗಿಂತ ಭಿನ್ನವಾಗಿ ಕಾಣುವ ನಾಣ್ಯಗಳನ್ನು ಒಂದು ಡಬ್ಬಿಯಲ್ಲಿ ಎತ್ತಿಡುತ್ತ ಬಂದಿದ್ದೇನೆ. ಅವುಗಳಲ್ಲಿ ಐದರ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ಹಳದಿ ಬಣ್ಣದ ಐದು ರೂಪಾಯಿ. ಅದರಲ್ಲಿ ಸಿಂಹಗಳ ಕೆಳಗೆ ಇರಬೇಕಾದ 'ಸತ್ಯಮೇವ ಜಯತೇ' ಎಂಬ ಬರಹವೇ ಇಲ್ಲ. ಎರಡನೆಯದು ಒಂದು ರೂಪಾಯಿ. ಅಂಚಿನಿಂದ ನಡುಭಾಗದವರೆಗೆ ಅಂಕುಡೊಂಕಾದ ಸಣ್ಣ ಗೆರೆಯೊಂದು ಹಾದುಹೋಗಿದೆ, ಜೊತೆಗೆ ಇಸವಿಯ ಕೆಳಗೆ ಯಾವ ಗುರುತೂ ಇಲ್ಲ. ಮೂರನೆಯದು 2011ರ ನಂತರದ ಎರಡು ರೂಪಾಯಿ. ಅದರ ಬಲ ಅಂಚಿನಲ್ಲಿ ಬಿಲ್ಲಿನಾಕಾರದ ಒಂದು ಚೂರು ಇಲ್ಲವಾಗಿದೆ. ನಾಲ್ಕನೆಯದು ಹತ್ತು ರೂಪಾಯಿ. ಹೊರಬಳೆಯ ಅಕ್ಷರಗಳನ್ನು ನೇರವಾಗಿ ಹಿಡಿದರೆ ಒಳಬಿಲ್ಲೆಯ ಸಿಂಹಗಳು ಓರೆಯಾಗಿ ನಿಲ್ಲುತ್ತವೆ. ಐದನೆಯದು ಹಳೆಯ ದೊಡ್ಡ ಸ್ಟೀಲ್ ರೂಪಾಯಿ. ಅದರ ಅಂಚು ಸುತ್ತಲೂ ದಪ್ಪಗಾಗಿ ಒಳಮುಖವಾಗಿ ಮಡಚಿಕೊಂಡಿದೆ, ಅಗಲವೂ ಕಡಿಮೆ ಎನಿಸುತ್ತದೆ.

ನಮ್ಮ ಅಂಗಡಿಗೆ ಸರಕು ತರುವ ಹುಡುಗನೊಬ್ಬ ಮೊಬೈಲಿನಲ್ಲಿ ವಿಡಿಯೋಗಳನ್ನು ತೋರಿಸಿ, ಇವು ಒಂದೊಂದೂ ಸಾವಿರಾರು ರೂಪಾಯಿಗೆ ಹೋಗುತ್ತವೆ ಎನ್ನುತ್ತಾನೆ. ಬೆಲೆಯ ಮಾತು ಆಮೇಲಿರಲಿ. ಇವುಗಳಲ್ಲಿ ಯಾವುದು ಟಂಕಸಾಲೆಯಲ್ಲೇ ಆದ ದೋಷ, ಯಾವುದು ಜನರ ಕೈಯಲ್ಲಿ ಆದ ಹಾನಿ ಎಂಬುದನ್ನು ನಾನೇ ನೋಡಿ ತಿಳಿಯುವ ದಾರಿ ಯಾವುದು?

ಉತ್ತರ: ರಾಯಚೂರು ನಾಣ್ಯಪ್ರೇಮಿ

ಸರ್, ವಿಡಿಯೋಗಳನ್ನು ಬದಿಗಿಟ್ಟು, ನಾಣ್ಯ ಹೇಗೆ ತಯಾರಾಗುತ್ತದೆ ಎಂಬುದನ್ನು ಮೊದಲು ಮನಸ್ಸಿನಲ್ಲಿ ತಂದುಕೊಳ್ಳಿ. ಲೋಹದ ಉದ್ದನೆಯ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆಗಳನ್ನು ಕಾಯಿಸಿ ಮೆದುಗೊಳಿಸುತ್ತಾರೆ. ಸುತ್ತಲೂ ಒತ್ತಿ ಅಂಚನ್ನು ಎಬ್ಬಿಸುತ್ತಾರೆ. ಕೊನೆಗೆ ಕಾಲರ್ ಎಂಬ ಗಟ್ಟಿ ಬಳೆಯೊಳಗೆ ಬಿಲ್ಲೆಯನ್ನಿಟ್ಟು ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಭಾರಿ ಒತ್ತಡದಲ್ಲಿ ಒತ್ತುತ್ತಾರೆ. ನಿಜವಾದ ದೋಷ ಎಂಬುದು ಈ ಹಂತಗಳಲ್ಲಿ ಯಾವುದಾದರೂ ಒಂದರಲ್ಲಿ ಹುಟ್ಟಿರಲೇಬೇಕು. ನಿಮ್ಮ ನಾಣ್ಯದಲ್ಲಿ ಕಾಣುವ ವಿಚಿತ್ರವು ಯಾವ ಹಂತದಲ್ಲಿ, ಯಾವ ಕಾರಣದಿಂದ ಆಗಿರಬಹುದು ಎಂದು ಹೇಳಲು ಬಾರದಿದ್ದರೆ ಅದು ಹೊರಗೆ ಬಂದ ಮೇಲೆ ಆದ ಹಾನಿ ಎಂದೇ ಸದ್ಯಕ್ಕೆ ಇಟ್ಟುಕೊಳ್ಳುವುದು ಕ್ಷೇಮ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಗ್ರಾಮಿನ ನೂರನೇ ಭಾಗದವರೆಗೆ ತೂಗುವ ಸಣ್ಣ ತಕ್ಕಡಿ ಮತ್ತು ಅಗಲ ಅಳೆಯುವ ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಹೊಸಬರ ಕೆಲಸ ಸಾಗುತ್ತದೆ.

ಒಂದು ರೂಪಾಯಿಯ ಗೆರೆಯಿಂದ ಶುರು ಮಾಡೋಣ. ಅದರ ಮೇಲೆ ಉಗುರು ಆಡಿಸಿ ನೋಡಿ. ಅಚ್ಚಿನಲ್ಲಿ ಬಿರುಕು ಬಿಟ್ಟಿದ್ದರೆ ಒತ್ತಡಕ್ಕೆ ಸಿಕ್ಕಿದ ಲೋಹ ಆ ಬಿರುಕಿನೊಳಕ್ಕೆ ನುಗ್ಗುತ್ತದೆ. ಹಾಗಾಗಿ ನಾಣ್ಯದ ಮೇಲೆ ಗೆರೆ ಉಬ್ಬಿಕೊಂಡಿರುತ್ತದೆ. ಯಾರೋ ಗೀರಿದ್ದಾದರೆ ಗೆರೆ ತಗ್ಗಾಗಿರುತ್ತದೆ, ಅದರ ಇಕ್ಕೆಲಗಳಲ್ಲಿ ಕಿತ್ತುಬಂದ ಲೋಹದ ಸಣ್ಣ ದಿಬ್ಬವೂ ಇರುತ್ತದೆ. ಉಬ್ಬು ಗೆರೆಯನ್ನು ಹೊರಗಿನಿಂದ ಸೃಷ್ಟಿಸುವುದು ಬಹಳ ಕಷ್ಟ, ತಗ್ಗು ಗೆರೆಯನ್ನು ಮೊಳೆಯಿಂದಲೂ ಮಾಡಬಹುದು. ಸ್ಟೀಲ್ ಗಟ್ಟಿ ಲೋಹವಾದ್ದರಿಂದ ಅಚ್ಚುಗಳು ಬೇಗ ದಣಿದು ಬಿರುಕು ಬಿಡುತ್ತವೆ; ಆದ್ದರಿಂದ ನಮ್ಮ ಸ್ಟೀಲ್ ನಾಣ್ಯಗಳಲ್ಲಿ ಇಂಥ ಗೆರೆಗಳು ಅಪರೂಪವೇನಲ್ಲ. ಇನ್ನು ಇಸವಿಯ ಕೆಳಗೆ ಗುರುತಿಲ್ಲ ಎಂಬುದು ದೋಷವೇ ಅಲ್ಲ. ಮುಂಬಯಿಯ ನಾಣ್ಯಕ್ಕೆ ವಜ್ರಾಕೃತಿ, ಹೈದರಾಬಾದಿನದಕ್ಕೆ ನಕ್ಷತ್ರ, ನೋಯ್ಡಾದ್ದಕ್ಕೆ ದುಂಡು ಚುಕ್ಕೆ ಇರುತ್ತದೆ. ಕೋಲ್ಕತ್ತದ ನಾಣ್ಯಕ್ಕೆ ಗುರುತು ಹಾಕುವ ಪದ್ಧತಿ ಇಲ್ಲ. 'ಗುರುತಿಲ್ಲದ ಅಪರೂಪದ ನಾಣ್ಯ' ಎಂದು ಮಾರಲು ಬರುವವರ ಬಂಡವಾಳ ಇಷ್ಟೇ.

ಐದು ರೂಪಾಯಿಯ ಪ್ರಶ್ನೆ ಸ್ವಲ್ಪ ಸೂಕ್ಷ್ಮವಾದದ್ದು. ಸವಕಳಿ ಯಾವಾಗಲೂ ಎತ್ತರದ ಜಾಗಗಳನ್ನು ಮೊದಲು ತಿನ್ನುತ್ತದೆ. ಆದುದರಿಂದ ಬರಹ ಇರುವ ಜಾಗವನ್ನು ಒಂದನ್ನೇ ನೋಡದೆ ಸಿಂಹಗಳ ಮುಖ, ಕೇಸರ ಮತ್ತು ನಾಣ್ಯದ ಅಂಚನ್ನೂ ನೋಡಿ. ಅವೆಲ್ಲವೂ ನುಣುಪಾಗಿ ಮೊಂಡಾಗಿದ್ದರೆ ಬರಹವೂ ಅದೇ ಸವಕಳಿಯಲ್ಲಿ ಹೋಗಿದೆ. ಅವು ಚೂಪಾಗಿ ಉಳಿದು ಬರಹ ಮಾತ್ರ ಮಾಯವಾಗಿದ್ದರೆ, ಅಚ್ಚಿನ ಅಕ್ಷರದ ತಗ್ಗುಗಳಲ್ಲಿ ಜಿಡ್ಡು, ಲೋಹದ ಪುಡಿ ತುಂಬಿಕೊಂಡು ಲೋಹ ಒಳಹೋಗಲು ಜಾಗ ಸಿಗದೆ ಹೀಗಾಗಿರಬಹುದು. ಮೂರನೆಯ ಸಾಧ್ಯತೆಯೊಂದಿದೆ: ಬರಹವನ್ನು ಉಜ್ಜಿ ತೆಗೆದಿರುವುದು. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಉಜ್ಜಿದ ಜಾಗದಲ್ಲಿ ಒಂದೇ ದಿಕ್ಕಿಗೆ ಓಡುವ ನವಿರು ಗೀರುಗಳು ಕಾಣುತ್ತವೆ, ಮತ್ತು ಆ ಜಾಗದ ಹೊಳಪು ಸುತ್ತಲಿನ ಹೊಳಪಿಗೆ ಹೊಂದುವುದಿಲ್ಲ.

ಹತ್ತು ರೂಪಾಯಿಯದನ್ನು ನೋಡದೆಯೇ ಹೇಳಬಲ್ಲೆ, ಅದು ಕೈಚಳಕ. ಒಳಬಿಲ್ಲೆ ಮತ್ತು ಹೊರಬಳೆ ಎರಡೂ ಬೇರೆ ಬೇರೆಯಾಗಿ ಬಂದು ಅಚ್ಚಿನ ಕೆಳಗೆ ಒಂದೇ ಒತ್ತಿಗೆ ಜೋಡಿಯಾಗುತ್ತವೆ. ಒಂದು ಬದಿಯ ಸಿಂಹ ಮತ್ತು ಅಕ್ಷರ ಎರಡನ್ನೂ ಮೂಡಿಸುವುದು ಒಂದೇ ಅಚ್ಚು. ಅಚ್ಚಿನಲ್ಲಿ ಸಿಂಹ ನೇರವಾಗಿದ್ದ ಮೇಲೆ ನಾಣ್ಯದಲ್ಲಿ ಅದು ಅದೇ ಬದಿಯ ಅಕ್ಷರಗಳಿಗೆ ಓರೆಯಾಗಲು ದಾರಿಯೇ ಇಲ್ಲ. ಯಾರೋ ಒಳಬಿಲ್ಲೆಯನ್ನು ಬಡಿದು ಹೊರತೆಗೆದು ಮತ್ತೆ ಕೂರಿಸಿದ್ದಾರೆ. ಕೂಡುಗೆರೆಯ ಬಳಿ ಏಟಿನ ಗುರುತು ಹುಡುಕಿದರೆ ಸಿಗುತ್ತದೆ. ಒಂದು ಬದಿಗೆ ಹೋಲಿಸಿದರೆ ಇನ್ನೊಂದು ಬದಿ ಇಡಿಯಾಗಿ ತಿರುಗಿರುವುದು ಬೇರೆ ಸಂಗತಿ, ಅದು ನಿಜವಾದ ದೋಷವಾಗಿರಬಲ್ಲದು: ಗಣರಾಜ್ಯದ ನಾಣ್ಯವನ್ನು ನೇರವಾಗಿ ಹಿಡಿದು ಪುಸ್ತಕದ ಹಾಳೆ ತಿರುವಿದಂತೆ ಪಕ್ಕಕ್ಕೆ ತಿರುಗಿಸಿದರೆ ಹಿಂಬದಿಯೂ ನೇರವಾಗಿಯೇ ಇರಬೇಕು. ಅಲ್ಪಸ್ವಲ್ಪ ಓರೆಗೆ ಸಂಗ್ರಾಹಕರು ಬೆಲೆ ಕೊಡುವುದಿಲ್ಲ, ತಲೆಕೆಳಗಾಗಿದ್ದರೆ ಮಾತ್ರ ಎತ್ತಿಡಿ.

ಅಂದಹಾಗೆ, ಹತ್ತರ ನಾಣ್ಯದಲ್ಲಿ ಅಂಕಿಯ ಮೇಲಿರುವ ಕಿರಣಗಳಂಥ ಗೆರೆಗಳು ಹತ್ತು ಇದ್ದರೆ ಅಸಲಿ, ಹದಿನೈದು ಇದ್ದರೆ ನಕಲಿ ಎಂದು ನಮ್ಮ ಕಡೆಯ ಅಂಗಡಿಗಳಲ್ಲಿ ಎಷ್ಟು ಜಗಳಗಳಾದವು ಎಂಬುದು ನಿಮಗೂ ಗೊತ್ತಿರಬೇಕು. ಅದುವರೆಗೆ ಬಂದಿದ್ದ 14 ವಿನ್ಯಾಸಗಳೂ ಚಲಾವಣೆಗೆ ಅರ್ಹ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ವಿನ್ಯಾಸದ ಬದಲಾವಣೆ ದೋಷವೂ ಅಲ್ಲ, ಮೋಸವೂ ಅಲ್ಲ.

ಎಲ್ಲಕ್ಕಿಂತ ನನ್ನ ಕುತೂಹಲ ಇರುವುದು ನಿಮ್ಮ ಎರಡು ರೂಪಾಯಿಯ ಮೇಲೆ. ಲಟ್ಟಿಸಿದ ಹಿಟ್ಟಿನಲ್ಲಿ ಬಟ್ಟಲು ಒತ್ತಿ ಪೂರಿ ಕತ್ತರಿಸುವಾಗ ಬಟ್ಟಲು ಹಿಂದಿನ ತೂತಿನ ಮೇಲೆ ಸ್ವಲ್ಪ ಬಿದ್ದರೆ ಪೂರಿಯ ಒಂದು ಬದಿ ಬಿಲ್ಲಿನಂತೆ ಕೊರೆದು ಬರುತ್ತದಲ್ಲ, ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದಾಗ ಬಿಲ್ಲೆಯೂ ಹಾಗೆಯೇ ಬರುತ್ತದೆ. ಆದರೆ ಅರದಿಂದ ಉಜ್ಜಿಯೂ ಹೀಗೆ ಮಾಡಬಹುದು. ಎರಡು ಗುರುತು ನೋಡಿ. ಕೊರೆದ ಜಾಗಕ್ಕೆ ಸರಿಯಾಗಿ ಎದುರಿನ ಅಂಚು ಹೇಗಿದೆ? ಅಂಚು ಎಬ್ಬಿಸುವ ಯಂತ್ರದಲ್ಲಿ ಬಿಲ್ಲೆ ಎರಡೂ ಕಡೆಯಿಂದ ಒತ್ತಿಸಿಕೊಳ್ಳಬೇಕು. ಒಂದು ಕಡೆ ಲೋಹವೇ ಇಲ್ಲದಾಗ ಎದುರು ಕಡೆಯೂ ಸರಿಯಾದ ಒತ್ತಡ ಬೀಳದೆ ಅಲ್ಲಿನ ಅಂಚು ತೆಳುವಾಗಿ, ಮಂಕಾಗಿ ಉಳಿಯುತ್ತದೆ. ಎರಡನೆಯದಾಗಿ, ಕೊರೆಯ ಪಕ್ಕದ ಅಕ್ಷರಗಳು ಹೇಗೆ ಮುಗಿಯುತ್ತವೆ? ನಿಜವಾದ ಕೊರೆಯಾದರೆ ಒತ್ತುವಾಗ ಲೋಹ ಖಾಲಿ ಜಾಗದ ಕಡೆ ಹರಿಯುವುದರಿಂದ ಅಕ್ಷರಗಳು ಎಳೆದಂತಾಗಿ ಕ್ರಮೇಣ ಸಣ್ಣಗಾಗುತ್ತವೆ. ಅರ ಹಾಕಿದ್ದಾದರೆ ಪೂರ್ಣ ಅಕ್ಷರ ಥಟ್ಟನೆ ತುಂಡಾಗಿರುತ್ತದೆ. ಈ ಮಾದರಿಯ ಎರಡು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ ಇರಬೇಕು. ತೂಗಿಸಿ ತಿಳಿಸಿ.

ಉತ್ತರ: ಬಳ್ಳಾರಿ ಮೆಕ್ಯಾನಿಕ್

ಐದನೆಯ ನಾಣ್ಯದ ಬಗ್ಗೆ ನಾನು ಹೇಳಬಹುದು, ಏಕೆಂದರೆ ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳ ಯಂತ್ರಗಳನ್ನು ದುರಸ್ತಿ ಮಾಡುವುದೇ ನನ್ನ ಕೆಲಸ. ಬಟ್ಟೆ ಒಣಗಿಸುವ ಡ್ರೈಯರಿನ ಡ್ರಮ್ ಬಿಚ್ಚಿದಾಗ ಕೆಲಸಗಾರರ ಜೇಬಿನಿಂದ ಬಿದ್ದು ಸಂದಿಯಲ್ಲಿ ಸಿಕ್ಕಿಕೊಂಡ ನಾಣ್ಯಗಳು ಆಗಾಗ ದೊರೆಯುತ್ತವೆ. ಡ್ರಮ್ ತಿರುಗುತ್ತಿರುವಷ್ಟು ಕಾಲವೂ ನಾಣ್ಯ ಅಂಚಿನ ಮೇಲೆ ಉರುಳಿ ಬೀಳುತ್ತ ಸಾವಿರಾರು ಸಣ್ಣ ಏಟುಗಳನ್ನು ತಿನ್ನುತ್ತದೆ. ಅದರ ಅಂಚಿನ ಲೋಹ ಒಳಮುಖವಾಗಿ ಬಾಗಿ ದಪ್ಪಗಾಗುತ್ತದೆ, ಅಂಚಿಗೆ ಹತ್ತಿರದ ಅಕ್ಷರಗಳನ್ನು ಅರ್ಧ ಮುಚ್ಚಿಬಿಡುತ್ತದೆ. ಸುತ್ತಲೂ ಸಮನಾಗಿ ಆಗುವುದರಿಂದ ನೋಡಿದವರಿಗೆ ಇದು ಯಂತ್ರದಲ್ಲೇ ಹೀಗೆ ತಯಾರಾದದ್ದು ಅನಿಸುವುದು ಸಹಜ.

ಪರೀಕ್ಷೆ ಸುಲಭ. 1992ರಿಂದ 2004ರವರೆಗಿನ ಸ್ಟೀಲ್ ರೂಪಾಯಿಯ ಅಳತೆ 25 ಮಿಲಿಮೀಟರ್, ತೂಕ 4.85 ಗ್ರಾಂ. ಅಗಲ ಕುಗ್ಗಿದ್ದರೂ ತೂಕ ಬಹುತೇಕ ಅಷ್ಟೇ ಇದ್ದರೆ ಲೋಹ ಎಲ್ಲಿಗೂ ಹೋಗಿಲ್ಲ, ಜಾಗ ಬದಲಿಸಿದೆ ಎಂದರ್ಥ. ನಿಜವಾಗಿಯೂ ಬೇರೆ ಸಣ್ಣ ಬಿಲ್ಲೆಯ ಮೇಲೆ ಒತ್ತಿದ್ದರೆ ತೂಕವೂ ಕಡಿಮೆಯಾಗುತ್ತಿತ್ತು, ಚಿತ್ರದ ಹೊರಭಾಗ ಬಿಲ್ಲೆಯಿಂದ ಆಚೆ ಹೋಗಿ ತಪ್ಪಿಹೋಗಿರುತ್ತಿತ್ತು.

ಇನ್ನೊಂದು ಮಾತು. ಬ್ಲೀಚಿಗೆ ಸಿಕ್ಕ ಸ್ಟೀಲ್ ನಾಣ್ಯದಲ್ಲಿ ಸೂಜಿಮೊನೆಯಷ್ಟು ತಗ್ಗುಗಳು ಬೀಳುತ್ತವೆ, ಜೀನ್ಸ್ ಬಣ್ಣ ತಿಳಿಗೊಳಿಸಲು ಬಳಸುವ ಪರ್ಮಾಂಗನೇಟ್ ತಗುಲಿದರೆ ಕಂದು ಕಲೆ ಕೂರುತ್ತದೆ, ಹಳದಿ ಐದು ರೂಪಾಯಿಯ ಮೇಲ್ಮೈಯಿಂದ ಸತುವು ಬಿಟ್ಟುಹೋಗಿ ಅದು ಕೆಂಪಗಾಗುತ್ತದೆ. ಕೆಂಪಗಾದದ್ದನ್ನು ತಾಮ್ರದ ಬಿಲ್ಲೆಯ ಮೇಲೆ ಒತ್ತಿದ ಅಪರೂಪದ ನಾಣ್ಯ ಎಂದು ಹೇಳಿ ಮಾರಲು ನೋಡಿದವರನ್ನೂ ಕಂಡಿದ್ದೇನೆ. ಬಣ್ಣವನ್ನು ನಂಬಬೇಡಿ, ತೂಕವನ್ನು ನಂಬಿ.

ಉತ್ತರ: ಮಾನ್ವಿ ಟೀಚರ್

ಬಳ್ಳಾರಿಯವರ ಮಾತಿಗೆ ಸೇರಿಸುವುದಾದರೆ, ಭಕ್ತರು ಕೃಷ್ಣೆಗೂ ತುಂಗಭದ್ರೆಗೂ ಎಸೆದ ನಾಣ್ಯಗಳನ್ನು ಹುಡುಗರು ಆಯಸ್ಕಾಂತ ಕಟ್ಟಿ ಎತ್ತುತ್ತಾರೆ. ಮರಳು ಉಜ್ಜಿ, ತುಕ್ಕು ತಿಂದು ತೆಳ್ಳಗಾದ ಅವು ಮತ್ತೆ ಚಲಾವಣೆಗೆ ಬರುತ್ತವೆ. ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದವೂ ಬರುತ್ತವೆ. ಇವೆರಡೂ ಹಾನಿಯೇ.

ನಮ್ಮ ಭಾಗದವರಿಗೆ ಮಾತ್ರ ಎದುರಾಗುವ ಇನ್ನೊಂದು ಗೊಂದಲವಿದೆ. ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಅಜ್ಜಿಯರ ಪೆಟ್ಟಿಗೆಗಳಲ್ಲಿ ಚಾರ್ಮಿನಾರ್ ಚಿತ್ರದ 'ಹಾಲಿ ಸಿಕ್ಕಾ' ಎಂಬ ನಿಜಾಮರ ನಾಣ್ಯ ಇನ್ನೂ ಸಿಗುತ್ತದೆ. ಅದರಲ್ಲಿ ಎರಡು ಬೇರೆ ಬೇರೆ ಸಂಖ್ಯೆಗಳನ್ನು ಕಂಡು ಇಸವಿ ತಪ್ಪಿದೆ ಎಂದುಕೊಳ್ಳಬೇಡಿ. ಒಂದು ಹಿಜರಿ ವರ್ಷ, ಇನ್ನೊಂದು ಆಳ್ವಿಕೆಯ ವರ್ಷ. ವಿಜಯನಗರದ ಕಾಲದ ತಾಮ್ರದ ಕಾಸುಗಳಲ್ಲಿ ಚಿತ್ರ ಒಂದು ಬದಿಗೆ ಸರಿದಿದ್ದರೆ ಅದೂ ದೋಷವಲ್ಲ. ಸುತ್ತಿಗೆಯಿಂದ ಕೈಯಲ್ಲೇ ಬಡಿದ ನಾಣ್ಯಗಳಲ್ಲಿ ಸರಿಯಾಗಿ ನಡುವೆ ಕೂತ ಚಿತ್ರವೇ ಕಡಿಮೆ. ದೋಷದ ಮೇಲಿನ ಈ ವಿಚಾರವೆಲ್ಲ ಯಂತ್ರದಲ್ಲಿ ಒತ್ತಿದ ನಾಣ್ಯಗಳಿಗೆ ಮಾತ್ರ ಅನ್ವಯಿಸುತ್ತದೆ.

ಗಂಗಾವತಿ ಕಿರಾಣಿ

ಎಲ್ಲರಿಗೂ ಕೃತಜ್ಞತೆಗಳು. ಪರಿಚಯದ ಅಕ್ಕಸಾಲಿಗರ ಅಂಗಡಿಯಲ್ಲಿ ತೂಗಿಸಿ, ಅವರದೇ ಭೂತಗನ್ನಡಿಯಲ್ಲಿ ನೋಡಿದೆ. ಒಂದು ರೂಪಾಯಿಯ ಗೆರೆ ಉಗುರಿಗೆ ತಾಕುವಂತೆ ಉಬ್ಬಿಕೊಂಡಿದೆ. ಐದು ರೂಪಾಯಿಯಲ್ಲಿ ಸಿಂಹಗಳ ಮುಖ ಚೂಪಾಗಿದೆ, ಬರಹದ ಜಾಗದಲ್ಲಿ ಗೀರುಗಳಿಲ್ಲ, ಹೊಳಪೂ ಸುತ್ತಲಿನಂತೆಯೇ ಇದೆ; ಓರೆ ಬೆಳಕಿನಲ್ಲಿ ಮೊದಲ ಅಕ್ಷರದ ತುಸು ನೆರಳು ಕಂಡಿತು. ಹಳೆಯ ಸ್ಟೀಲ್ ರೂಪಾಯಿ 24.2 ಮಿಲಿಮೀಟರ್ ಅಗಲ, 4.81 ಗ್ರಾಂ ತೂಗಿತು. ಹತ್ತು ರೂಪಾಯಿಯ ಕೂಡುಗೆರೆಯ ಹತ್ತಿರ ಎರಡು ಕಡೆ ಉಳಿಯ ತುದಿಯ ಗುರುತಿದೆ.

ಎರಡು ರೂಪಾಯಿ 4.66 ಗ್ರಾಂ ಬಂತು. ಕೊರೆಗೆ ಎದುರಿನ ಅಂಚು ನಿಜವಾಗಿಯೂ ತೆಳುವಾಗಿದೆ. ತಾವು ಹೇಳುವವರೆಗೆ ಆ ಕಡೆ ನನ್ನ ಕಣ್ಣು ಹೋಗಿರಲಿಲ್ಲ. ಕೊರೆಯ ಪಕ್ಕದ ಇಂಗ್ಲಿಷ್ ಅಕ್ಷರಗಳು ಸಣ್ಣಗಾಗುತ್ತ ಹೋಗಿ ಮುಗಿಯುತ್ತವೆ. ಇವನ್ನು ಹುಣಸೆಹಣ್ಣಿನಲ್ಲಿ ತೊಳೆದು ಇಡಲೇ? ಬೆಲೆ ಎಷ್ಟಾಗಬಹುದು?

ರಾಯಚೂರು ನಾಣ್ಯಪ್ರೇಮಿ

ಹುಣಸೆಹಣ್ಣು, ಬೂದಿ, ಪಾತ್ರೆ ತೊಳೆಯುವ ಪುಡಿ ಯಾವುದನ್ನೂ ಹಚ್ಚಬೇಡಿ. ಮೂಲದ ಮೇಲ್ಮೈ ಹೋದರೆ ನೀವು ಈಗ ನೋಡಿದ ಪುರಾವೆಗಳೂ ಹೋಗುತ್ತವೆ, ಆಮೇಲೆ ನಿಜವಾದ ದೋಷವನ್ನೂ ಯಾರೂ ನಂಬುವುದಿಲ್ಲ. ಅಂಚನ್ನು ಮಾತ್ರ ಹಿಡಿದು, ರಟ್ಟಿನ ಹೋಲ್ಡರಿನಲ್ಲಿ ಒಂದೊಂದನ್ನೇ ಇಡಿ. ಮೆತ್ತಗಿನ ಪಿವಿಸಿ ಪಾಕೀಟು ಬೇಡ, ಕಾಲಕ್ರಮೇಣ ಅದು ನಾಣ್ಯಕ್ಕೆ ಹಸಿರು ಜಿಡ್ಡು ಹಿಡಿಸುತ್ತದೆ.

ನಿಮ್ಮ ವಿವರಣೆಯಂತೆ ಎರಡು ರೂಪಾಯಿಯ ಕೊರೆ ಅಸಲಿ. ಗೆರೆಯ ರೂಪಾಯಿ, ಬರಹವಿಲ್ಲದ ಐದು ರೂಪಾಯಿ ಇವೂ ಟಂಕಸಾಲೆಯ ದೋಷಗಳೇ, ಆದರೆ ಸಾಮಾನ್ಯ ದರ್ಜೆಯವು. ಡ್ರೈಯರಿಗೆ ಸಿಕ್ಕ ರೂಪಾಯಿಯನ್ನೂ ಓರೆ ಸಿಂಹದ ಹತ್ತು ರೂಪಾಯಿಯನ್ನೂ ಹೋಲಿಕೆಗೆಂದು ಇಟ್ಟುಕೊಳ್ಳಿ. ಹಾನಿಯಾದ ನಾಣ್ಯ ಕೈಯಲ್ಲಿದ್ದರೆ ಮುಂದಿನದನ್ನು ಗುರುತಿಸುವುದು ಸುಲಭ.

ಬೆಲೆಯ ವಿಚಾರದಲ್ಲಿ, ಮಾರುವವರು ಕೇಳುವ ಬೆಲೆಯನ್ನು ನೋಡಬೇಡಿ, ಹರಾಜುಗಳಲ್ಲಿ ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಿ. ಚಿಕ್ಕ ಕೊರೆಗೆ ದೊಡ್ಡ ಮೊತ್ತ ಬರುವುದಿಲ್ಲ. ಯಾರಾದರೂ ಫೋನ್ ಮಾಡಿ ನಿಮ್ಮ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕವನ್ನೋ ತೆರಿಗೆಯನ್ನೋ ಕಟ್ಟಿ ಎಂದರೆ ಅಲ್ಲಿಗೇ ಫೋನ್ ಇಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಹಳೆಯ ನೋಟು ನಾಣ್ಯಗಳ ವ್ಯವಹಾರದಲ್ಲಿ ಹೀಗೆ ಹಣ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ.

ಎರಡು ರೂಪಾಯಿಯ ಎರಡೂ ಬದಿಗಳ ಚಿತ್ರವನ್ನು ಓರೆ ಬೆಳಕಿನಲ್ಲಿ ತೆಗೆದು ಹಾಕಿ. ಕೊರೆಗೆ ಎದುರಿನ ಅಂಚಿನದೊಂದು ಹತ್ತಿರದ ಚಿತ್ರವೂ ಇರಲಿ.