ಜರ್ಮನಿಯಲ್ಲಿ 13 ದಿನ, ಐದು ಜನ, ಒಬ್ಬರಿಗೆ ಮಂಡಿನೋವು: ಯಾವ ರೈಲು ಟಿಕೆಟ್ ತಗೊಳ್ಳೋದು?

ಊರೂರು ಸುತ್ತು:

ಎಲ್ಲರಿಗೂ ನಮಸ್ಕಾರ. 2026ರ ಮೇ 24ಕ್ಕೆ ಬೆಳಗ್ಗೆ ಏಳೂವರೆಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುತ್ತೇವೆ. ಜೂನ್ 5ಕ್ಕೆ ಮ್ಯೂನಿಕ್‌ನಿಂದ ವಾಪಸ್. ನಾನು, ನಮ್ಮ ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ದೊಡ್ಡವನಿಗೆ 9, ಚಿಕ್ಕವಳಿಗೆ 4. ಅತ್ತೆಗೆ ಮಂಡಿನೋವು. ನಡೆಯುತ್ತಾರೆ, ಆದರೆ ಮೆಟ್ಟಿಲು ಕಂಡರೆ ಮುಖ ಚಿಕ್ಕದಾಗುತ್ತದೆ.

ನಮ್ಮ ಲೆಕ್ಕ ಹೀಗಿದೆ. ಇಳಿದ ದಿನವೇ ವಿಮಾನ ನಿಲ್ದಾಣದಿಂದ ಕಲೋನ್‌ಗೆ. 26ಕ್ಕೆ ಕಲೋನ್‌ನಿಂದ ಬರ್ಲಿನ್. 30ಕ್ಕೆ ಬರ್ಲಿನ್‌ನಿಂದ ಮ್ಯೂನಿಕ್. ಆಮೇಲೆ ಮ್ಯೂನಿಕ್‌ನಲ್ಲೇ ಉಳಿದು ಒಂದು ದಿನ ನಾಯ್‌ಷ್ವಾನ್‌ಸ್ಟೈನ್ ಕೋಟೆ, ಒಂದು ದಿನ ಸಾಲ್ಜ್‌ಬರ್ಗ್.

ಟಿಕೆಟ್ ವಿಷಯಕ್ಕೆ ಬಂದರೆ ತಲೆ ಕೆಟ್ಟುಹೋಗಿದೆ. ಯಜಮಾನರು ಜರ್ಮನ್ ರೈಲ್ ಪಾಸ್ (ಆರಿಸಿಕೊಂಡ ದಿನಗಳಲ್ಲಿ ಯಾವ ರೈಲಾದರೂ ಹತ್ತೋ ಪಾಸ್) ತಗೊಂಡುಬಿಡೋಣ, ಒಂದೇ ಸಲ ಮುಗಿಯುತ್ತೆ ಅಂತಾರೆ. ಪರಿಚಯದವರೊಬ್ಬರು ಡಾಯ್ಚ್‌ಲಾಂಡ್ ಟಿಕೆಟ್ ತಗೊಳ್ಳಿ, ತಿಂಗಳಿಗೆ 63 ಯೂರೋ ಅಷ್ಟೇ, ಇಡೀ ದೇಶ ಸುತ್ತಬಹುದು ಅಂದರು. ಅಲ್ಲಿನ ರೈಲ್ವೆಯ ಆ್ಯಪ್ ತೆರೆದರೆ ಸೂಪರ್ ಸ್ಪಾರ್‌ಪ್ರೈಸ್, ಸ್ಪಾರ್‌ಪ್ರೈಸ್, ಫ್ಲೆಕ್ಸ್‌ಪ್ರೈಸ್ ಅಂತ ಒಂದೇ ರೈಲಿಗೆ ಮೂರು ದರ ತೋರಿಸುತ್ತೆ. ಯಾವುದು ತಗೊಂಡರೆ ಒಳ್ಳೇದು? ಅನುಭವ ಇರೋರು ದಯವಿಟ್ಟು ಹೇಳಿ.

ಹಳಿಹುಚ್ಚ:

ಮೊದಲು ಡಾಯ್ಚ್‌ಲಾಂಡ್ ಟಿಕೆಟ್ ಆಸೆ ಬಿಡಿ. ಅದು ಕೆಟ್ಟದ್ದಲ್ಲ, ನಿಮ್ಮ ದಿನಾಂಕಕ್ಕೆ ಒಗ್ಗಲ್ಲ ಅಷ್ಟೇ. ಅದು ಕ್ಯಾಲೆಂಡರ್ ತಿಂಗಳ ಲೆಕ್ಕದ ಚಂದಾ. ನಿಮ್ಮ ಪ್ರವಾಸ ಮೇ ಕೊನೆಗೆ ಶುರುವಾಗಿ ಜೂನ್ ಶುರುವಿಗೆ ಮುಗಿಯುತ್ತೆ, ಅಂದರೆ ಎರಡು ತಿಂಗಳ ದುಡ್ಡು. ಒಬ್ಬರಿಗೆ 126 ಯೂರೋ ಆಯ್ತು. ಆರು ತುಂಬಿದ ಮಗುವಿಗೂ ಬೇರೆ ಟಿಕೆಟ್ ಬೇಕು, ಅಪ್ಪ ಅಮ್ಮನ ಜೊತೆ ಪುಕ್ಕಟೆ ಅನ್ನೋದು ಅದರಲ್ಲಿಲ್ಲ. ನಾಲ್ಕು ಜನಕ್ಕೆ 504 ಯೂರೋ. ಇಷ್ಟು ಕೊಟ್ಟರೂ ಐಸಿಇ, ಐಸಿ ಅನ್ನೋ ದೂರದ ವೇಗದ ರೈಲು ಹತ್ತೋ ಹಾಗಿಲ್ಲ, ಸ್ಥಳೀಯ ರೈಲು, ಬಸ್ಸು, ಟ್ರಾಮು, ಮೆಟ್ರೋ ಮಾತ್ರ. ಸ್ಥಳೀಯ ರೈಲಲ್ಲೇ ಕಲೋನ್‌ನಿಂದ ಬರ್ಲಿನ್‌ಗೆ ಹೋಗೋದು ಅಂದರೆ ಹಲವು ಕಡೆ ಇಳಿದು ಹತ್ತಬೇಕು, ಮಕ್ಕಳು ಮಂಡಿನೋವು ಎಲ್ಲ ಕಟ್ಟಿಕೊಂಡು ಅದು ಬೇಡವೇ ಬೇಡ. ಜೊತೆಗೆ ಆಯಾ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕಟ್ ಆಗುತ್ತೆ.

ನಿಮಗೆ ನಿಜವಾಗಿ ಇರೋದು ದೂರದ ರೈಲಿನ ಮೂರೇ ದಿನ. ಆ ಮೂರಕ್ಕೆ ಬೇರೆಬೇರೆ ಟಿಕೆಟ್ ತಗೊಳ್ಳಿ. ಇಡೀ ಪ್ರವಾಸಕ್ಕೆ ಒಂದೇ ಟಿಕೆಟ್ ಹುಡುಕೋಕೆ ಹೋಗಿಯೇ ಎಲ್ಲರೂ ಸುಸ್ತಾಗೋದು.

ಇನ್ನು ದರಗಳು. ಸೂಪರ್ ಸ್ಪಾರ್‌ಪ್ರೈಸ್ ಎಲ್ಲಕ್ಕಿಂತ ಅಗ್ಗ, ಆದರೆ ರದ್ದು ಮಾಡಿದರೆ ಒಂದು ಪೈಸೆ ಬರಲ್ಲ. ಸ್ಪಾರ್‌ಪ್ರೈಸ್ ಸ್ವಲ್ಪ ಜಾಸ್ತಿ. ಪ್ರಯಾಣದ ಹಿಂದಿನ ದಿನದವರೆಗೂ ರದ್ದು ಮಾಡಬಹುದು, 10 ಯೂರೋ ಹಿಡಿದುಕೊಂಡು ಉಳಿದದ್ದನ್ನು ವೋಚರ್ ಆಗಿ ಕೊಡ್ತಾರೆ. ಇವೆರಡರಲ್ಲೂ ಟಿಕೆಟ್ ಮೇಲೆ ಯಾವ ರೈಲು ಬರೆದಿದೆಯೋ ಅದರಲ್ಲೇ ಹೋಗಬೇಕು. ಫ್ಲೆಕ್ಸ್‌ಪ್ರೈಸ್ ದುಬಾರಿ, ಆದರೆ ಆ ದಿನ ಆ ದಾರಿಯ ಯಾವ ರೈಲಾದರೂ ಸರಿ.

ಮಕ್ಕಳದ್ದು ಖುಷಿಯ ವಿಷಯ. ದೂರದ ರೈಲಲ್ಲಿ 6ರಿಂದ 14 ವರ್ಷದ ಮಕ್ಕಳು ದೊಡ್ಡವರ ಜೊತೆ ಪುಕ್ಕಟೆ. ಆದರೆ ಬುಕ್ ಮಾಡುವಾಗಲೇ ಮಗನನ್ನು ಟಿಕೆಟ್‌ಗೆ ಸೇರಿಸಬೇಕು, ಆಮೇಲೆ ಸೇರಿಸ್ತೀನಿ ಅಂದರೆ ಆಗಲ್ಲ. ಮಗಳಿಗೆ ಟಿಕೆಟ್ಟೇ ಬೇಡ. ಹಾಗಾಗಿ ನೀವು ದುಡ್ಡು ಕೊಡೋದು ಮೂರು ಜನಕ್ಕೆ.

ಪಾಸ್ ಬಗ್ಗೆ ಒಂದು ಮಾತು. ಯುರೋಪಿನ ಹೊರಗೆ ಇರುವವರಿಗೆ ಅದು ಸಿಗುತ್ತೆ, ಒಂದು ತಿಂಗಳೊಳಗೆ 3 ದಿನದಿಂದ 15 ದಿನದವರೆಗೂ ಇದೆ. ದಿನಾ ಐಸಿಇ ಹತ್ತಿ ಊರು ಬದಲಾಯಿಸೋರಿಗೆ ಲಾಭ. ಮೂರೇ ಸಲ ಹತ್ತೋರಿಗೆ, ಅದೂ ಒಂದು ದಾರಿ ಬರೀ ಒಂದು ಗಂಟೆಯದ್ದು, ನನಗೇನೋ ದಂಡ ಅನ್ನಿಸುತ್ತೆ. ಪಾಸಿನ ಬೆಲೆಯನ್ನು ಮೂರರಿಂದ ಭಾಗಿಸಿ, ಆ್ಯಪ್‌ನಲ್ಲಿ ಕಾಣೋ ಸ್ಪಾರ್‌ಪ್ರೈಸ್ ಪಕ್ಕ ಇಟ್ಟು ನೋಡಿ. ಯಜಮಾನರೂ ಒಪ್ಪಿಕೊಳ್ತಾರೆ.

ಅವಳಿ ಅಮ್ಮ:

ಹಳಿಹುಚ್ಚ ಅವರು ಹೇಳಿದ್ದು ಸರಿ. ನಾನು ಸೀಟಿನ ವಿಷಯ ಹೇಳ್ತೀನಿ ಅಕ್ಕ, ಇದನ್ನು ಯಾರೂ ಹೇಳಲ್ಲ.

ಟಿಕೆಟ್ ಬೇರೆ, ಸೀಟು ಬೇರೆ. ಐಸಿಇಯಲ್ಲಿ ಸೀಟು ಕಾಯ್ದಿರಿಸೋದು ಕಡ್ಡಾಯ ಅಲ್ಲ, ಆದರೆ ಮಾಡದೆ ಹೋದರೆ ಬಾಗಿಲ ಹತ್ತಿರ ಸೂಟ್‌ಕೇಸ್ ಮೇಲೆ ಕೂರಬೇಕಾಗಬಹುದು. ಮೊದಲು ಇಡೀ ಕುಟುಂಬಕ್ಕೆ 10.40 ಯೂರೋ ಕೊಟ್ಟರೆ ಐದು ಸೀಟು ಸಿಗ್ತಿತ್ತು. 2025ರ ಜೂನ್‌ನಲ್ಲಿ ಅದನ್ನು ತೆಗೆದುಹಾಕಿದರು. ಈಗ ಎರಡನೇ ದರ್ಜೆಯಲ್ಲಿ ತಲೆಗೆ 5.50. ಐದು ಸೀಟಿಗೆ 27.50, ಮೂರು ರೈಲಿಗೆ 82.50. ಹೊಟ್ಟೆ ಉರಿಯುತ್ತೆ, ಆದರೂ ಕೊಡಿ. ಸೀಟು ಆರಿಸುವಾಗ ಕುಟುಂಬಗಳಿಗೆ ಅಂತ ಒಂದು ಜಾಗ ತೋರಿಸುತ್ತೆ, ಅದನ್ನೇ ಒತ್ತಿ. ಸುತ್ತ ಎಲ್ಲರ ಮಕ್ಕಳೂ ಕಿರುಚ್ತಿರುತ್ತಾರೆ, ಹಾಗಾಗಿ ನಮ್ಮ ಮಕ್ಕಳ ಕಡೆ ಯಾರೂ ತಿರುಗಿ ನೋಡಲ್ಲ. ತೀರ ಚಿಕ್ಕ ಮಕ್ಕಳಿಗೆ ಬಾಗಿಲಿರೋ ಪುಟ್ಟ ಕೋಣೆಯೂ ಇರುತ್ತೆ, ಅದು ಬೇಗ ಖಾಲಿಯಾಗುತ್ತೆ.

ನಾವು ಮಾಡಿದ ಎಡವಟ್ಟು ಕೇಳಿ. ಬರ್ಲಿನ್‌ನಿಂದ ಕಲೋನ್‌ಗೆ ಹೊರಟಿದ್ದೆವು. ಬೋಗಿ 27ರಲ್ಲಿ ಸೀಟು. ರೈಲು ಬಂದ ಗಡಿಬಿಡಿಯಲ್ಲಿ ಎದುರಿಗೆ ಸಿಕ್ಕ ಬಾಗಿಲಿಗೆ ನುಗ್ಗಿದೆವು. ಒಳಗೆ ನಡೆಯುತ್ತಾ ಹೋದರೆ 33, 32, 31, ಅಷ್ಟೇ, ಮುಂದೆ ಡ್ರೈವರ್ ಕೋಣೆಯ ಗೋಡೆ! ಅಲ್ಲಿ ಎರಡು ರೈಲುಗಳನ್ನು ಮೂತಿಗೆ ಮೂತಿ ಜೋಡಿಸಿರುತ್ತಾರೆ, ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ದಾಟೋ ಹಾಗಿಲ್ಲ. ಹಾಮ್ ಅನ್ನೋ ಊರಿನಲ್ಲಿ ಎರಡನ್ನೂ ಬಿಡಿಸಿ ಬೇರೆಬೇರೆ ದಾರಿಗೆ ಕಳಿಸ್ತಾರೆ. ನಾವು ಕೂತಿದ್ದ ಅರ್ಧ ಡ್ಯುಸೆಲ್‌ಡಾರ್ಫ್ ಕಡೆಯದ್ದು. ಹಾಮ್‌ನಲ್ಲಿ ನಿಂತ ಕೂಡಲೇ ಇವರು ಎರಡು ಸೂಟ್‌ಕೇಸ್, ನಾನು ಎರಡು ಮಕ್ಕಳು, ಪ್ಲಾಟ್‌ಫಾರ್ಮ್ ಉದ್ದಕ್ಕೂ ಓಟ. ಒಬ್ಬಳ ಚಪ್ಪಲಿ ಅಲ್ಲೇ ಉಳಿಯಿತು. ಈಗ ನೆನೆಸಿಕೊಂಡರೆ ನಗು ಬರುತ್ತೆ, ಆವತ್ತು ನಾವಿಬ್ಬರೂ ಕಲೋನ್‌ವರೆಗೂ ಮಾತಾಡಿರಲಿಲ್ಲ.

ಹಾಗಾಗಿ ಪ್ಲಾಟ್‌ಫಾರ್ಮ್‌ಗೆ ಒಂದು ಹತ್ತು ನಿಮಿಷ ಮುಂಚೆ ಹೋಗಿ. ಅಲ್ಲಿ ಎ, ಬಿ, ಸಿ ಅಂತ ಅಕ್ಷರದ ಫಲಕ ಇರುತ್ತೆ. ನಿಮ್ಮ ಬೋಗಿ ಯಾವ ಅಕ್ಷರದ ಹತ್ತಿರ ನಿಲ್ಲುತ್ತೆ ಅಂತ ಆ್ಯಪ್‌ನಲ್ಲೇ ಬರುತ್ತೆ. ಅಲ್ಲೇ ನಿಂತುಬಿಡಿ. ಕೆಲವು ಸಲ ಬೋಗಿಗಳ ಸಾಲು ಉಲ್ಟಾ ಬರುತ್ತೆ, ಅದನ್ನು ಮೈಕಿನಲ್ಲಿ ಹೇಳ್ತಾರೆ.

ನಿಧಾನಿ:

ಎಲ್ಲರೂ ಅಗ್ಗ ಅಗ್ಗ ಅಂತಿದ್ದೀರಿ, ನಾನು ಸ್ವಲ್ಪ ಅಡ್ಡ ಮಾತಾಡ್ತೀನಿ. ವಯಸ್ಸಾದವರು ಜೊತೆಗಿದ್ದಾಗ ಸೂಪರ್ ಸ್ಪಾರ್‌ಪ್ರೈಸ್ ತಗೋಬೇಡಿ. ನಾವು ತಗೊಂಡಿದ್ದೆವು. ಹೊರಡೋ ದಿನ ಬೆಳಗ್ಗೆ ಅಪ್ಪನಿಗೆ ತಲೆಸುತ್ತು ಬಂತು. ಎರಡು ಗಂಟೆ ಮಲಗಿ ಎದ್ದಮೇಲೆ ಹುಷಾರಾದರು, ಆದರೆ ಅಷ್ಟೊತ್ತಿಗೆ ರೈಲು ಹೋಗಿತ್ತು. ನಾಲ್ಕು ಟಿಕೆಟ್ ನೀರಿಗೆ. ಅವತ್ತೇ ಹೊಸದಾಗಿ ತಗೊಂಡ ಟಿಕೆಟ್‌ಗೆ ಮೊದಲು ಕೊಟ್ಟಿದ್ದರ ಎರಡರಷ್ಟಕ್ಕಿಂತ ಜಾಸ್ತಿ ಕೊಟ್ಟೆವು. ತಪ್ಪು ಯಾರದ್ದೂ ಅಲ್ಲ, ನಿಯಮ ಓದಿಯೇ ತಗೊಂಡಿದ್ದು. ಆದರೆ ಇಂಥ ಕಡೆ ಪಾಸ್ ಇದ್ದಿದ್ದರೆ ಮುಂದಿನ ರೈಲು ಹತ್ತಿ ಕೂರ್ತಿದ್ದೆವು ಅಲ್ವಾ? ಅವರ ಯಜಮಾನರು ಹೇಳ್ತಿರೋದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ.

ಹಳಿಹುಚ್ಚ:

ನಿಧಾನಿ ಸರ್, ನಿಮ್ಮ ಮಾತು ಒಪ್ಪಿದೆ. ಆದರೆ ಆವತ್ತು ಸ್ಪಾರ್‌ಪ್ರೈಸ್ ಇದ್ದಿದ್ದರೂ ಉಪಯೋಗ ಇರಲಿಲ್ಲ. ಅದೂ ಹಿಂದಿನ ದಿನದವರೆಗೆ ಮಾತ್ರ. ಅದೇ ಬೆಳಗ್ಗೆ ಏನಾದರೂ ಆದರೆ ಕಾಪಾಡೋದು ಫ್ಲೆಕ್ಸ್‌ಪ್ರೈಸ್ ಅಥವಾ ಪಾಸ್ ಮಾತ್ರ. ಆ ಭಯಕ್ಕೆ ಎಷ್ಟು ದುಡ್ಡು ಕೊಡಬಹುದು ಅನ್ನೋದು ಅವರವರ ಮನೆಯ ವಿಷಯ.

ಒಂದು ಕಡೆ ಮಾತ್ರ ಖಂಡಿತ ಅಗ್ಗದ್ದು ಬೇಡ, ಅದು ಇಳಿದ ದಿನ. ವಿಮಾನ ತಡವಾಗಿ ರೈಲು ತಪ್ಪಿದರೆ ಅದು ನಿಮ್ಮ ಹಣೆಬರಹ, ರೈಲಿನವರಿಗೆ ಸಂಬಂಧ ಇಲ್ಲ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಕಲೋನ್‌ಗೆ ಐಸಿಇಯಲ್ಲಿ ಹೆಚ್ಚುಕಡಿಮೆ ಒಂದೇ ಗಂಟೆ, ರೈಲುಗಳೂ ಸಾಕಷ್ಟಿವೆ. ಲಗೇಜ್ ಕೈಗೆ ಬಂದಮೇಲೆ ಅಲ್ಲೇ ನಿಂತು ಫೋನಿನಲ್ಲಿ ತಗೊಳ್ಳಿ, ಇಲ್ಲವಾದರೆ ಅದೊಂದಕ್ಕೆ ಫ್ಲೆಕ್ಸ್‌ಪ್ರೈಸ್ ಮಾಡಿ. ಅಂದಹಾಗೆ ಅಲ್ಲಿ ಎರಡು ರೈಲು ನಿಲ್ದಾಣ ಇವೆ. ಸ್ಥಳೀಯ ರೈಲಿನದ್ದು ಟರ್ಮಿನಲ್ 1ರ ಕೆಳಗೆ, ಐಸಿಇಯದ್ದು ಬೇರೆ, ಸ್ವಲ್ಪ ನಡೆಯಬೇಕು. ಫರ್ನ್‌ಬಾನ್‌ಹೋಫ್ ಅಂತ ಬರೆದಿರೋ ಕಡೆ ಹೋಗಿ.

ರೈಲೇ ತಡವಾದರೆ ಕಥೆ ಬೇರೆ. ಆಗ ನಿಯಮ ನಿಮ್ಮ ಕಡೆ. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ಶೇ. 62.5 ಮಾತ್ರ, ಅದೂ ಆರು ನಿಮಿಷದ ಒಳಗಿನ ತಡವನ್ನು ತಡ ಅಂತ ಲೆಕ್ಕ ಹಿಡಿಯದೆ. ತಲುಪೋದು 20 ನಿಮಿಷಕ್ಕಿಂತ ತಡವಾಗೋ ಹಾಗಿದ್ದರೆ ಸೂಪರ್ ಸ್ಪಾರ್‌ಪ್ರೈಸ್‌ನಲ್ಲೂ ಬೇರೆ ರೈಲು ಹತ್ತಬಹುದು. ಒಂದು ಗಂಟೆ ತಡವಾದರೆ ಟಿಕೆಟ್ ದುಡ್ಡಿನಲ್ಲಿ ಕಾಲು ಭಾಗ, ಎರಡು ಗಂಟೆ ಆದರೆ ಅರ್ಧ ವಾಪಸ್ ಕೇಳಬಹುದು. ಆದರೆ ಮಧ್ಯೆ ರೈಲು ಬದಲಾಯಿಸೋದಿದ್ದರೆ ಪೂರ್ತಿ ದಾರಿ ಒಂದೇ ಟಿಕೆಟ್‌ನಲ್ಲಿರಲಿ. ತುಂಡು ತುಂಡಾಗಿ ತಗೊಂಡು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ವಾದ ಮಾಡೋದು ಕಷ್ಟ. ನಿಮ್ಮ ಮೂರೂ ದಾರಿಗೆ ನೇರ ರೈಲಿದೆ, ಅದನ್ನೇ ಆರಿಸಿ.

ಕಲೋನ್ ಬರ್ಲಿನ್ ಮಧ್ಯೆ ಒಂದು ಎಚ್ಚರಿಕೆ. ಕಲೋನ್, ವುಪ್ಪರ್‌ಟಾಲ್, ಹಾಗೆನ್ ಹಳಿಯನ್ನು 2026ರ ಫೆಬ್ರವರಿಯಿಂದ ಜುಲೈವರೆಗೆ ಪೂರ್ತಿ ಮುಚ್ಚಿ ರಿಪೇರಿ ಮಾಡ್ತಿದ್ದಾರೆ. ರೈಲುಗಳು ಬಳಸಿಕೊಂಡು ಹೋಗುತ್ತವೆ, ಹೊತ್ತು ಜಾಸ್ತಿ ಹಿಡಿಯುತ್ತೆ. ಹಳೆಯ ಪ್ರವಾಸಿಗರು ನಾಲ್ಕೂವರೆ ಗಂಟೆ ಅಂತ ಹೇಳಿದ್ದರೆ ನಂಬಿಕೊಂಡು ಸಂಜೆಗೆ ಏನೂ ಇಟ್ಟುಕೊಳ್ಳಬೇಡಿ. ಇದೇ ದಾರಿಯಲ್ಲಿ 2025ರ ಡಿಸೆಂಬರ್‌ನಿಂದ ಐಸಿಇ ಎಲ್ ಅನ್ನೋ ಹೊಸ ರೈಲು ಬಿಟ್ಟಿದ್ದಾರೆ. ಅದಕ್ಕೆ ಹತ್ತೋಕೆ ಮೆಟ್ಟಿಲಿಲ್ಲ. ನಿಮ್ಮ ದಿನ ಅದು ಸಿಕ್ಕರೆ ಅತ್ತೆಯವರಿಗೆ ಬಹಳ ಅನುಕೂಲ.

ಬೆಟ್ಟದ ದಾರಿ:

ಬವೇರಿಯಾದ (ಮ್ಯೂನಿಕ್ ಇರೋ ರಾಜ್ಯ) ಎರಡು ದಿನದ ಬಗ್ಗೆ, ಅಂದರೆ ಕೋಟೆ, ಸಾಲ್ಜ್‌ಬರ್ಗ್ ಬಗ್ಗೆ ಯಾರೂ ಬರೆದಿಲ್ಲ. ಅದಕ್ಕೆ ಈಗಲೇ ಏನೂ ತಗೋಬೇಡಿ. ಹೊರಡೋ ದಿನ ಬೆಳಗ್ಗೆ ಬಾಯರ್ನ್ ಟಿಕೆಟ್ (ಬವೇರಿಯಾದ ಸ್ಥಳೀಯ ರೈಲುಗಳ ಒಂದು ದಿನದ ಟಿಕೆಟ್) ತಗೊಂಡರೆ ಸಾಕು. ಒಂದೇ ಟಿಕೆಟ್‌ನಲ್ಲಿ ಐದು ಜನರವರೆಗೆ ಹೋಗಬಹುದು, ಜನ ಹೆಚ್ಚಾದ ಹಾಗೆ ತಲೆಗೆ ಬೀಳೋದು ಕಡಿಮೆ. 14ರವರೆಗಿನ ಸ್ವಂತ ಮಕ್ಕಳು, ಮೊಮ್ಮಕ್ಕಳು ಪುಕ್ಕಟೆ. ಪ್ರಯಾಣಿಕರ ಹೆಸರು ಅದರ ಮೇಲೆ ಇರಬೇಕು. ಮ್ಯೂನಿಕ್‌ನ ಮೆಟ್ರೋ, ಟ್ರಾಮಿಗೂ ಅದೇ ನಡೆಯುತ್ತೆ, ಮರುದಿನ ಬೆಳಗಿನ ಜಾವ 3ರವರೆಗೆ. ಐಸಿಇ, ಐಸಿ, ಇಸಿ ಮಾತ್ರ ಹತ್ತಬೇಡಿ. ಸಾಲ್ಜ್‌ಬರ್ಗ್ ಆಸ್ಟ್ರಿಯಾದಲ್ಲಿದ್ದರೂ ಅಲ್ಲಿನ ಮುಖ್ಯ ನಿಲ್ದಾಣದವರೆಗೆ ಇದೇ ಟಿಕೆಟ್ ಸಾಕು. ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ, ಗಡಿಯಲ್ಲಿ ಕೇಳ್ತಾರೆ.

ಕಿರಿಕಿರಿ ಏನು ಅಂದರೆ ವಾರದ ದಿನಗಳಲ್ಲಿ ಬೆಳಗ್ಗೆ 9ರ ನಂತರವೇ ಅದು ಚಾಲ್ತಿ. ಕೋಟೆ ಹತ್ತಿರದ ಊರು ಫ್ಯೂಸೆನ್‌ಗೆ ಎರಡು ಗಂಟೆ ರೈಲು, ಅಲ್ಲಿಂದ ಬಸ್ಸು, ಆಮೇಲೆ ಏರು. 9ರ ಮೇಲೆ ಹೊರಟರೆ ಕೋಟೆ ಬುಡ ಸೇರೋಷ್ಟರಲ್ಲಿ ಮಧ್ಯಾಹ್ನ. ಕೋಟೆಯೊಳಗೆ ಹೋಗೋಕೆ ಹೊತ್ತು ನಮೂದಿಸಿದ ಟಿಕೆಟ್ ಬೇರೆ ಇರುತ್ತೆ, ಅದನ್ನು ಮಧ್ಯಾಹ್ನ ಎರಡರ ಮೇಲಿನದ್ದೇ ತಗೊಳ್ಳಿ. ಶನಿವಾರ, ಭಾನುವಾರ, ರಜಾದಿನಗಳಲ್ಲಿ ಈ 9ರ ಕಟ್ಟು ಇಲ್ಲ. ಜೂನ್ 4 ಗುರುವಾರ ಬವೇರಿಯಾದಲ್ಲಿ ಹಬ್ಬದ ರಜೆ. ಆವತ್ತು ಮುಂಜಾನೆಯೇ ಹೊರಡಬಹುದು. ನಾನಾದರೆ ಆ ದಿನ ಸಾಲ್ಜ್‌ಬರ್ಗ್ ಇಟ್ಟುಕೊಂಡು ಕೋಟೆಗೆ ಮಂಗಳವಾರ ಹೋಗ್ತೀನಿ, ರಜಾದಿನ ಕೋಟೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ.

ಇನ್ನೊಂದು. ನೀವು ಇಳಿಯೋ ಮೇ 24 ಭಾನುವಾರ, ಪೆಂಟೆಕೋಸ್ಟ್ ಹಬ್ಬ. ಸೋಮವಾರವೂ ದೇಶಕ್ಕೆಲ್ಲ ರಜೆ. ಎರಡೂ ದಿನ ಅಂಗಡಿ ಮುಚ್ಚಿರುತ್ತೆ. ಹಾಲು ಬ್ರೆಡ್ ಬೇಕಾದರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಯೇ ಗತಿ. ರೈಲಿನಲ್ಲೂ ಜನ ಇರ್ತಾರೆ, ಸೀಟು ಬೇಗ ಹಿಡಿಯಿರಿ.

ಊರೂರು ಸುತ್ತು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಇವರ ಜೊತೆ ಕೂತು ಲೆಕ್ಕ ಹಾಕಿದೆವು. ಪಾಸ್ ಕೈಬಿಟ್ಟೆವು. ಇವರು ಮೂರರಿಂದ ಭಾಗಿಸಿ ನೋಡಿ ಸುಮ್ನಾದರು. ಕಲೋನ್ ಬರ್ಲಿನ್‌ಗೆ ಸ್ಪಾರ್‌ಪ್ರೈಸ್ ತಗೊಂಡಾಯಿತು, ಹನ್ನೊಂದರ ಮೇಲಿನ ರೈಲು, ಅತ್ತೆ ಬೆಳಗ್ಗೆ ನಿಧಾನಕ್ಕೆ ಏಳಲಿ ಅಂತ. ಬರ್ಲಿನ್ ಮ್ಯೂನಿಕ್‌ಗೆ ಫ್ಲೆಕ್ಸ್‌ಪ್ರೈಸ್ ಮಾಡೋಣ ಅಂತಿದ್ದೀವಿ, ಅಷ್ಟೊತ್ತಿಗೆ ಎಲ್ಲರೂ ಸುಸ್ತಾಗಿರ್ತೀವಿ. ನಿಧಾನಿ ಅವರ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಮೊದಲ ದಿನದ್ದು ಇಳಿದಮೇಲೆ.

ಒಂದೇ ಅನುಮಾನ. ಮಗಳಿಗೆ ಟಿಕೆಟ್ ಬೇಡ ಅಂದಿರಲ್ಲ, ಹಾಗಾದರೆ ಸೀಟು ಕಾಯ್ದಿರಿಸಬೇಕಾ? ತೊಡೆ ಮೇಲೆ ಕೂರಿಸಿಕೊಂಡರೆ 5.50 ಉಳಿಯುತ್ತೆ ಅಂತಾರೆ ಇವರು.

ಅವಳಿ ಅಮ್ಮ:

ನಾಲ್ಕು ವರ್ಷದ ಮಗು, ಬರ್ಲಿನ್‌ವರೆಗೆ, ತೊಡೆ ಮೇಲೆ! ಸೀಟು ತಗೊಳ್ಳಿ ಅಕ್ಕ. ಇಲ್ಲವಾದರೆ ನಿಮ್ಮ ಯಜಮಾನರ ತೊಡೆ ಮೇಲೇ ಕೂರಿಸಿ, ದಾರಿಯಲ್ಲಿ ಹ್ಯಾನೋವರ್ ಬರೋಷ್ಟರಲ್ಲಿ ಅವರೇ ಫೋನ್ ತೆಗೆದು ಸೀಟು ಹುಡುಕ್ತಾರೆ.