ಒಂದೇ ಅಚ್ಚಿನ ‘ಟೋಪಿ’ ಟೈಲ್: ಮೂವತ್ತು ದಾಟುವುದರೊಳಗೆ ಸಂದು ಬೀಳುತ್ತಿದೆ, ದಾರಿ ಹೇಳಿ

ಅಚ್ಚುಮನೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆ ಬದಿಗೆ ನನ್ನದೊಂದು ಚಿಕ್ಕ ಇಂಟರ್‌ಲಾಕ್ ಟೈಲ್ಸ್ ಯೂನಿಟ್ ಇದೆ. 16 ವರ್ಷದಿಂದ ಇದೇ ಕೆಲಸ. ಜಿಗ್‌ಜಾಗ್, ಡಂಬಲ್, ಟ್ರೈಹೆಕ್ಸ್, ಎಲ್ಲ ಅಚ್ಚೂ ಇವೆ. ಯಾವುದನ್ನೇ ತಗೊಳ್ಳಿ, ಹುಡುಗರಿಗೆ ಎರಡು ಸಾಲು ಹಾಕಿ ತೋರಿಸಿದರೆ ಸಾಕು, ಮೂರನೇ ಸಾಲು ಅವರೇ ಹಾಕುತ್ತಾರೆ. ಅಂಗಳ ಹತ್ತಡಿ ಇರಲಿ, ಎಕರೆ ಇರಲಿ, ಅದೇ ಸಾಲು ಮುಂದುವರಿಯುತ್ತದೆ.

ಮಗಳು ಬಿಎಸ್ಸಿ ಓದುತ್ತಿದ್ದಾಳೆ. ಹೋದ ತಿಂಗಳು ಊಟಕ್ಕೆ ಕೂತಾಗ ಮೊಬೈಲ್ ಮುಂದೆ ಹಿಡಿದು, ‘ಅಪ್ಪ, ಸಾಲು ಹಿಡಿಯದ ಟೈಲ್ ಒಂದಿದೆ ನೋಡು’ ಅಂದಳು. 2023ರ ಮಾರ್ಚ್‌ನಲ್ಲಿ ಹೊರಬಂದ ಸಂಶೋಧನೆ ಅದು. ಒಂದೇ ಆಕಾರ, 13 ಬದಿ, ನೋಡಲು ಟೋಪಿ ಥರ. ಅದೊಂದರಿಂದಲೇ ಎಷ್ಟು ದೊಡ್ಡ ನೆಲವನ್ನಾದರೂ ಸಂದಿಲ್ಲದೆ ಮುಚ್ಚಬಹುದು. ಆದರೆ ಡಿಸೈನ್ ಯಾವತ್ತೂ ಮರುಕಳಿಸುವುದಿಲ್ಲ. ಕಂಡುಹಿಡಿದವರು ಡೇವಿಡ್ ಸ್ಮಿತ್, ಇಂಗ್ಲೆಂಡಿನ ಬ್ರಿಡ್ಲಿಂಗ್ಟನ್ ಊರಿನವರು. ಪ್ರೊಫೆಸರ್ ಅಲ್ಲ, ಪ್ರಿಂಟಿಂಗ್ ಕೆಲಸದಿಂದ ನಿವೃತ್ತರಾದವರು. ದಪ್ಪ ಹಾಳೆ ಕತ್ತರಿಸಿ, ಕೈಯಲ್ಲೇ ಜೋಡಿಸಿ ನೋಡಿ, ಇದರಲ್ಲಿ ಏನೋ ಇದೆ ಅಂತ ಗುರುತು ಹಿಡಿದರು. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ಕೈಯಲ್ಲಿ ಟೈಲ್ ಹಿಡಿದೇ ಬದುಕಿದವನು ಅಲ್ವಾ.

ಮಗಳಿಂದ ಅಳತೆ ಬರೆಸಿಕೊಂಡು ಪ್ಲೈವುಡ್‌ನಲ್ಲಿ 60 ತುಂಡು ಕತ್ತರಿಸಿದೆ. ಒಂದು ಮುಖಕ್ಕೆ ಕೆಂಪು ಬಣ್ಣ ಹೊಡೆದು, ಎಲ್ಲದರಲ್ಲೂ ಕೆಂಪೇ ಮೇಲೆ ಬರುವ ಹಾಗೆ ಶೆಡ್‌ನಲ್ಲಿ ಜೋಡಿಸುತ್ತಾ ಹೋದೆ. ಐದು ಸಲ ಮಾಡಿದೆ. ಐದು ಸಲವೂ ಮೂವತ್ತು ದಾಟುವುದರೊಳಗೆ ನಡುವೆ ಒಂದು ಸಂದು ಬಿತ್ತು. ಎಷ್ಟು ತಿರುಗಿಸಿದರೂ ಅಲ್ಲಿ ತುಂಡು ಕೂರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಇನ್ನೊಂದು ಅನುಮಾನ. ಡಿಸೈನ್ ಮರುಕಳಿಸುವುದಿಲ್ಲ ಅನ್ನುತ್ತಾರೆ. ಫೋಟೊದಲ್ಲಿ ನೋಡಿದರೆ ನಾಲ್ಕು ಟೋಪಿಯ ಒಂದೇ ಥರದ ಗುಂಪು ಹತ್ತಾರು ಕಡೆ ಕಾಣುತ್ತದೆ. ಹಾಗಾದರೆ ಮರುಕಳಿಸಿದ ಹಾಗೇ ಅಲ್ವಾ?

ಮನೆ ಮುಂದಿನ ಅಂಗಳ 10 ಅಡಿಗೆ 12 ಅಡಿ ಇದೆ. ಅದಕ್ಕೆ ಇದನ್ನೇ ಹಾಕಬೇಕು ಅಂತ ಮನಸ್ಸು ಮಾಡಿದ್ದೇನೆ. ‘ಇದರಿಂದ ಯಾರಿಗೆ ಏನು ಸಿಗುತ್ತೆ ಅಣ್ಣ?’ ಅಂತ ನಮ್ಮ ಹುಡುಗರು ಕೇಳಿದರು. ಅದಕ್ಕೂ ಉತ್ತರ ಗೊತ್ತಿದ್ದವರು ಹೇಳಿ.

ಲೆಕ್ಕದಮೇಷ್ಟ್ರು_ದುರ್ಗ

ಅಣ್ಣಾವ್ರೇ, ತಪ್ಪಿರುವುದು ಆ ಕೆಂಪು ಬಣ್ಣದಲ್ಲಿ. ಕೆಲವು ತುಂಡುಗಳನ್ನು ನೀವು ಮಗುಚಿ ಹಾಕಲೇಬೇಕು. ಎಲ್ಲವನ್ನೂ ಒಂದೇ ಮುಖ ಮೇಲೆ ಮಾಡಿ ಇಟ್ಟರೆ ಟೋಪಿಯಿಂದ ನೆಲ ಮುಚ್ಚಲು ಆಗುವುದೇ ಇಲ್ಲ. ಸುಮಾರು 6.85 ನೇರ ಟೋಪಿಗೆ ಒಂದು ಮಗುಚಿದ ಟೋಪಿ ಬರುತ್ತದೆ. ಈ 6.85 ಸುಮ್ನೆ ಬಂದ ಸಂಖ್ಯೆ ಅಲ್ಲ. 1.618 ಅಂತ ಬರುವ ಸುವರ್ಣ ಅನುಪಾತವನ್ನು ಅದರಿಂದಲೇ ಗುಣಿಸುತ್ತಾ ನಾಲ್ಕನೇ ಘಾತಕ್ಕೆ ಹೋದರೆ ಸಿಗುವುದು ಇದೇ.

ಮರುಕಳಿಸುವ ಪ್ರಶ್ನೆ ತುಂಬಾ ಒಳ್ಳೆಯದು, ನನ್ನ ತರಗತಿಯಲ್ಲೂ ಮಕ್ಕಳು ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ನಿಮ್ಮ ಡಂಬಲ್ ನೆಲದ ಮೇಲೆ ಬಟರ್ ಪೇಪರ್ ಹಾಸಿ ಗೆರೆಯೆಲ್ಲ ತಿದ್ದಿಕೊಳ್ಳಿ. ತಿರುಗಿಸದೆ ಹಾಳೆಯನ್ನು ಎರಡು ಟೈಲ್‌ನಷ್ಟು ಸರಿಸಿ. ಗೆರೆ ಮೇಲೆ ಗೆರೆ ಸರಿಯಾಗಿ ಕೂರುತ್ತದೆ. ಗಣಿತದವರು ಮರುಕಳಿಸುವುದು ಅನ್ನುವುದು ಇದಕ್ಕೆ. ಟೋಪಿ ನೆಲದಲ್ಲಿ ನಿಮ್ಮ ನಾಲ್ಕರ ಗುಂಪು ಸಾವಿರ ಕಡೆ ಸಿಗಬಹುದು. ಆದರೆ ಪೂರ್ತಿ ನೆಲದ ಹಾಳೆಯನ್ನು ಎಷ್ಟು ದೂರ, ಯಾವ ದಿಕ್ಕಿಗೆ ಸರಿಸಿದರೂ ಎಲ್ಲ ಗೆರೆ ಒಟ್ಟಿಗೆ ಕೂರುವುದಿಲ್ಲ. ನಮ್ಮ ಕೋಟೆ ಗೋಡೆಯ ಕಲ್ಲುಗಳೂ ಹಾಗೆ ಕೂರುವುದಿಲ್ಲ, ಆದರೆ ಅಲ್ಲಿ ಒಂದೊಂದು ಕಲ್ಲೂ ಬೇರೆ ಬೇರೆ. ಇಲ್ಲಿ ಎಲ್ಲವೂ ಒಂದೇ ಅಚ್ಚು. ಬೆರಗಿರುವುದು ಅಲ್ಲಿ.

ಯಾಕೆ ಕೂರುವುದಿಲ್ಲ? ನೀವು ಗುರುತಿಸಿದ ನಾಲ್ಕರ ಗುಂಪಿನಲ್ಲೇ ಉತ್ತರ ಇದೆ. ನಡುವೆ ಒಂದು ಮಗುಚಿದ ಟೋಪಿ, ಅದಕ್ಕೆ ಅಂಟಿಕೊಂಡು ಮೂರು ನೇರ ಟೋಪಿ. ಇದರ ಜೊತೆ ಒಂಟಿ ಟೋಪಿ, ಎರಡು ಥರದ ಜೋಡಿಗಳು ಸೇರಿ ಒಟ್ಟು ನಾಲ್ಕು ಬಗೆಯ ಗುಂಪು ಆಗುತ್ತವೆ. ಈ ಗುಂಪುಗಳು ಸೇರಿ ಅದೇ ಬಗೆಯ ದೊಡ್ಡ ಗುಂಪು, ಅವು ಸೇರಿ ಇನ್ನೂ ದೊಡ್ಡ ಗುಂಪು, ಹೀಗೆ ಕೊನೆಯೇ ಇಲ್ಲದೆ ಬೆಳೆಯುತ್ತದೆ. ಈಗ ಹಾಳೆಯನ್ನು ಹತ್ತಡಿ ಸರಿಸಿದಾಗ ಎಲ್ಲ ಕೂತಿತು ಅಂದುಕೊಳ್ಳಿ. ಆಗ ನೂರಡಿ ಅಗಲದ ಗುಂಪು ಕೂಡ ಹತ್ತಡಿ ಸರಿದು ಇನ್ನೊಂದು ಅಂಥದೇ ಗುಂಪಿನ ಮೇಲೆ ಕೂರಬೇಕು. ನೂರಡಿಯ ಎರಡು ಗುಂಪು ಹತ್ತಡಿ ಅಂತರದಲ್ಲಿ ಇರಲು ಜಾಗ ಎಲ್ಲಿದೆ? ಸ್ಮಿತ್ ಜೊತೆ ಕ್ರೇಗ್ ಕಪ್ಲಾನ್, ಜೋಸೆಫ್ ಮೈಯರ್ಸ್, ಚೇಮ್ ಗುಡ್‌ಮನ್-ಸ್ಟ್ರಾಸ್ ಸೇರಿ ಕೊಟ್ಟ ಒಂದು ಗಣಿತದ ಪುರಾವೆಯ ತಿರುಳು ಇದು.

ಇದರ ಹಿಂದೆ ದೊಡ್ಡ ಹುಡುಕಾಟ ಇದೆ. 1966ರಲ್ಲಿ ರಾಬರ್ಟ್ ಬರ್ಗರ್ ಇಂಥ ಮೊದಲ ನೆಲ ತೋರಿಸಿದಾಗ ಅದಕ್ಕೆ 20,426 ಬಗೆಯ ಟೈಲ್ ಬೇಕಾಗಿತ್ತು. 1970ರ ದಶಕದಲ್ಲಿ ರೋಜರ್ ಪೆನ್‌ರೋಸ್ ಅದನ್ನು ಎರಡಕ್ಕೆ ಇಳಿಸಿದರು. ಒಂದೇ ಸಾಕಾ ಅನ್ನುವ ಪ್ರಶ್ನೆ ಅಲ್ಲಿಂದ ಸುಮಾರು 50 ವರ್ಷ ಹಾಗೇ ಉಳಿದಿತ್ತು.

ನಿಮ್ಮ ಅಂಗಳದ ಲೆಕ್ಕ ಹೇಳುತ್ತೇನೆ. ಬದಿ 4 ಇಂಚು ಇರುವ ಆರು ಮೂಲೆಯ ಟೈಲ್ ಬರೆದುಕೊಳ್ಳಿ. ನಡುಮಧ್ಯದಿಂದ ಪ್ರತಿ ಬದಿಯ ಮಧ್ಯಕ್ಕೆ ಗೆರೆ ಎಳೆದರೆ ಗಾಳಿಪಟದಂಥ ಆರು ತುಂಡು ಸಿಗುತ್ತವೆ. ಅಂಥ ಎಂಟು ತುಂಡು ಸೇರಿದರೆ ಒಂದು ಟೋಪಿ. ಗಿಡ್ಡ ಬದಿ 2 ಇಂಚು, ಉದ್ದದ್ದು 3.46 ಇಂಚು, ಒಂದು ಬದಿ ಮಾತ್ರ 4 ಇಂಚು. ಒಂದು ಟೋಪಿ ಸುಮಾರು 55.4 ಚದರ ಇಂಚು. 120 ಚದರ ಅಡಿಗೆ 312 ಟೋಪಿ, ಅದರಲ್ಲಿ ಮಗುಚಿದವು ಸುಮಾರು 40. ಗೋಡೆ ಬದಿ ಕತ್ತರಿಸುವುದಕ್ಕೆ ಜಾಸ್ತಿ ಇಟ್ಟುಕೊಳ್ಳಿ. ಪ್ಲೈವುಡ್ ಮಗುಚಬಹುದು, ಸಿಮೆಂಟ್ ಟೈಲ್ ಮಗುಚಿದರೆ ಒರಟು ಮುಖ ಮೇಲೆ ಬರುತ್ತದೆ. ಹಾಗಾಗಿ ಕನ್ನಡಿಯಲ್ಲಿ ಕಂಡ ಹಾಗಿರುವ ಎರಡನೇ ಅಚ್ಚು ಬೇಕು.

ಮಗುಚುವುದು ಬೇಡ ಅಂದರೆ ಅದಕ್ಕೂ ದಾರಿ ಇದೆ. ಅದೇ ನಾಲ್ವರು 2023ರ ಮೇ ತಿಂಗಳಲ್ಲೇ ಇನ್ನೊಂದು ಆಕಾರ ಕೊಟ್ಟರು, ಹೆಸರು ‘ಸ್ಪೆಕ್ಟರ್’. 14 ಸಮ ಬದಿ ಇರುವ ಒಂದು ಆಕಾರದ ನೇರ ಬದಿಗಳನ್ನು ಬಾಗಿಸಿದಾಗ ಅದು ಹುಟ್ಟಿದ್ದು. ಆ ನೇರ ಬದಿಯ ಆಕಾರವನ್ನು ಮಗುಚಿ ಬೆರೆಸಿದರೆ ಸಾಲು ಹಿಡಿದುಬಿಡುತ್ತದೆ, ಮಗುಚದೆ ಹಾಕಿದರೆ ಹಿಡಿಯುವುದಿಲ್ಲ. ನಿಮ್ಮ ಟೈಲ್ ಹೇಗೂ ಮಗುಚಲು ಬರುವುದಿಲ್ಲವಾದ್ದರಿಂದ ಒಂದೇ ಅಚ್ಚು ಸಾಕು.

ಯಾವುದನ್ನೇ ಹಾಕಿ, ಕಣ್ಣಳತೆಯಲ್ಲಿ ಹಾಕಬೇಡಿ. ಮಗುಚಿದ ತುಂಡು ಬಳಸಿದರೂ ಒಂದು ತಪ್ಪು ಜಾಗಕ್ಕೆ ಹೋದರೆ ಇಪ್ಪತ್ತು ತುಂಡಿನ ಆಚೆ ಸಂದು ಬೀಳುತ್ತದೆ. ಕಪ್ಲಾನ್ ಅವರ ವೆಬ್ ಪುಟದಲ್ಲಿ ಈ ಮಾದರಿ ಬರೆದುಕೊಡುವ ಪ್ರೋಗ್ರಾಮ್ ಇದೆ. ಮಗಳಿಗೆ ಹೇಳಿ ಪ್ರಿಂಟ್ ತೆಗೆಸಿ, ಪ್ರತಿ ಟೈಲ್‌ಗೂ ನಂಬರ್ ಬರೆದುಕೊಳ್ಳಿ.

ಸಂದುಚುಕ್ಕಿ_ಹಿರಿಯೂರು

ಅಣ್ಣ, ಟೋಪಿಯನ್ನೇ ಹಾಕಿ. ಯಾಕೆಂದರೆ ಅದು ನಮ್ಮ ಸಂದು ಚುಕ್ಕಿ ರಂಗೋಲಿ ಮೇಲೆ ಸರಿಯಾಗಿ ಕೂರುತ್ತದೆ. ನಾನು ನಿನ್ನೆ ಅಂಗಳದಲ್ಲಿ ಬರೆದು ನೋಡಿದೆ. ಪ್ರತಿ ಚುಕ್ಕಿಯೂ ಮೇಷ್ಟ್ರು ಹೇಳಿದ ಆರು ಮೂಲೆಯ ಟೈಲ್‌ನ ನಡುಮಧ್ಯ. ನೇರ ಟೋಪಿ, ಮಗುಚಿದ ಟೋಪಿ ಎರಡೂ ಅದೇ ಚುಕ್ಕಿಗಳನ್ನೇ ಹಿಡಿಯುತ್ತವೆ. 4 ಇಂಚಿನ ಬದಿಗೆ ಚುಕ್ಕಿಯಿಂದ ಚುಕ್ಕಿಗೆ 6.93 ಇಂಚು ಬರುತ್ತದೆ. ದಾರ ಕಟ್ಟಿ ಚುಕ್ಕಿ ಗುರುತು ಇಟ್ಟುಕೊಂಡರೆ ನೂರು ಟೈಲ್ ಆದಮೇಲೂ ಜೋಡಣೆ ಓರೆ ಹೋಗುವುದಿಲ್ಲ. ಸ್ಪೆಕ್ಟರ್‌ಗೆ ಇಂಥ ಚುಕ್ಕಿ ಸಿಗುವುದಿಲ್ಲ, ಪ್ರಯತ್ನಿಸಿ ಬಿಟ್ಟೆ.

ಫೌಂಡ್ರಿ_ಹರಿಹರ

ಮೊದಲು ಅಚ್ಚಿನ ಮಾತು. ಟೋಪಿಯಲ್ಲಿ 90 ಡಿಗ್ರಿಗಿಂತ ಚೂಪಾದ ಮೂಲೆ ಒಂದೂ ಇಲ್ಲ, ಹಾಗಾಗಿ ತುದಿ ಮುರಿಯುವುದು ಕಡಿಮೆ. ಒಳಕ್ಕೆ ಹೋದ ಮೂಲೆಗಳನ್ನು ನೋಡಿಕೊಳ್ಳಿ. ಎರಕದಲ್ಲೂ ಬಿರುಕು ಶುರುವಾಗುವುದು ಒಳಮೂಲೆಯಿಂದಲೇ. ಅಚ್ಚಿನಲ್ಲಿ ಅಲ್ಲಿ ಸ್ವಲ್ಪ ಗುಂಡಗೆ ಮಾಡಿಸಿ. ಜಾಯಿಂಟ್ 3 ಎಂಎಂ ಬೇಕಾದರೆ ಸುತ್ತಲೂ ಒಂದೂವರೆ ಎಂಎಂ ಒಳಗೆ ತಗೊಳ್ಳಿ. ಆಗ ಅಕ್ಕ ಹೇಳಿದ ಚುಕ್ಕಿ ಅಳತೆ ಕೆಡುವುದಿಲ್ಲ.

ಇನ್ನು ನಿಮ್ಮ ಹುಡುಗರ ಪ್ರಶ್ನೆ. ಲೋಹದೊಳಗೆ ಪರಮಾಣುಗಳು ನಿಮ್ಮ ಡಂಬಲ್ ಟೈಲ್ ಥರ ಸಾಲು ಹಿಡಿದೇ ಕೂರುತ್ತವೆ ಅಂತ ಎಲ್ಲರೂ ನಂಬಿದ್ದರು. 1982ರ ಏಪ್ರಿಲ್‌ನಲ್ಲಿ ಇಸ್ರೇಲಿನ ವಿಜ್ಞಾನಿ ಡ್ಯಾನ್ ಶೆಖ್ಟ್‌ಮನ್ ಬೇಗ ತಣಿಸಿದ ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹ ನೋಡುವಾಗ, ಕ್ರಮ ಇದ್ದೂ ಮರುಕಳಿಸದ ಜೋಡಣೆ ಕಂಡರು. ಯಾರೂ ನಂಬಲಿಲ್ಲ, ಅವರನ್ನು ಸಂಶೋಧನಾ ತಂಡ ಬಿಟ್ಟು ಹೋಗಿ ಅಂದರು. ಅದನ್ನು ಅರ್ಥ ಮಾಡಿಕೊಳ್ಳಲು ನೆರವಾದದ್ದು ಪೆನ್‌ರೋಸ್ ಟೈಲ್‌ಗಳು. 2011ರಲ್ಲಿ ಶೆಖ್ಟ್‌ಮನ್‌ಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಸ್. ರಂಗನಾಥನ್, ಕೆ. ಚಟ್ಟೋಪಾಧ್ಯಾಯ ಅವರೂ 1985ರಷ್ಟು ಹಿಂದೆಯೇ ಈ ಲೋಹಗಳ ಮೇಲೆ ಕೆಲಸ ಮಾಡಿದವರು. ಸ್ವೀಡನ್ನಿನ ಒಂದು ಗಟ್ಟಿ ಉಕ್ಕಿನಲ್ಲೂ ಇಂಥ ಜೋಡಣೆ ಸಿಕ್ಕಿದೆ. ಆ ಉಕ್ಕಿನಿಂದ ಶೇವಿಂಗ್ ಬ್ಲೇಡ್ ಮಾಡುತ್ತಾರೆ, ಕಣ್ಣಿನ ಆಪರೇಷನ್‌ಗೆ ಬೇಕಾದ ಸಣ್ಣ ಸೂಜಿಯನ್ನೂ ಮಾಡುತ್ತಾರೆ. ಹುಡುಗರಿಗೆ ಇದನ್ನು ಹೇಳಿ.

ಅಚ್ಚುಮನೆ_ದಾವಣಗೆರೆ

ಮೇಷ್ಟ್ರೇ, ಅಕ್ಕ, ಹರಿಹರದ ಅಣ್ಣ, ಮೂವರಿಗೂ ಕೈ ಮುಗಿಯುತ್ತೇನೆ. ನಾನು ಮಗುಚುವುದು ಮೋಸ ಅಂದುಕೊಂಡಿದ್ದೆ.

ಎರಡು ಅಚ್ಚು ಮಾಡಿಸಿದೆ. ನೇರದ್ದು 310 ಎರಕ ಹಾಕಿದೆ, ಬೂದು ಬಣ್ಣ. ಮಗುಚಿದ್ದು 50, ಅದಕ್ಕೆ ಕೆಂಪು ಆಕ್ಸೈಡ್ ಬೆರೆಸಿದೆ, ಯಾವುದು ಎಲ್ಲಿ ಅಂತ ದೂರದಿಂದಲೇ ಕಾಣಲಿ ಅಂತ. ಮೊದಲ ಹತ್ತು ಟೈಲ್‌ನ ಒಳಮೂಲೆ ಬಿರುಕು ಬಿಟ್ಟಿತು. ಅಚ್ಚನ್ನು ಗುಂಡಗೆ ಮಾಡಿಸಿದ ಮೇಲೆ ಒಂದೂ ಬಿಟ್ಟಿಲ್ಲ. ಕ್ಯೂರಿಂಗ್ ಮುಗಿಸಿ ಸೋಮವಾರ ದಾರ ಕಟ್ಟಿದೆವು. ಚುಕ್ಕಿ ಗುರುತು ಇಟ್ಟವಳು ನನ್ನ ಹೆಂಡತಿ. ಅವಳ ಕೈಗೆ ಆ ಅಳತೆ ಬೇಗ ಹಿಡಿಯಿತು.

ಹೊಸ್ತಿಲಿನ ಎದುರಿಗೆ ಒಂದು ಕೆಂಪು, ಅದರ ಸುತ್ತ ಮೂರು ಬೂದು, ಅಲ್ಲಿಂದ ಶುರು ಮಾಡಿದ್ದೇವೆ. ಸೂಜಿ ವಿಷಯ ಹೇಳಿದ ಮೇಲೆ ಹುಡುಗರು ತಾವೇ ನಂಬರ್ ಕೂಗಿ ಕೇಳುತ್ತಿದ್ದಾರೆ. ಮಗಳು ಪ್ರಿಂಟ್ ಹಾಳೆ ಹಿಡಿದು ಟಿಕ್ ಹಾಕುತ್ತಾ ಮೆಟ್ಟಿಲ ಮೇಲೆ ಕೂತಿದ್ದಾಳೆ. ಇವತ್ತು ಸಂಜೆಗೆ 187 ಆಯಿತು. ಎಲ್ಲೂ ಸಂದು ಬಿದ್ದಿಲ್ಲ.